ನೋಡಿದ ಕೂಡಲೇ ಸಮಾಧಿಯೆಂದು ತಿಳಿಯತಕ್ಕದ್ದು

ಮಾಗಡಿ ತಾಲ್ಲೂಕು ಕಲ್ಯ ಗ್ರಾಮದ ಶ್ರೀ ರೇಣುಕಾಪ್ರಸಾದ್ ಅವರು ದೆವ್ವದ ಸಿನಿಮಾಗಳ ನಿರ್ದೇಶಕರಾಗಿದ್ದು, ಅವರ ಯಾವುದೇ ಸಿನಿಮಾ ನೋಡಿ ನಾಲ್ಕು ತಾಲ್ಲೂಕುಗಳ ವ್ಯಾಪ್ತಿಯಲ್ಲಿ ಈವರೆಗೆ ಯಾರೊಬ್ಬರೂ ಹೆದರಿದ ಬಗ್ಗೆ ವರದಿಯಾಗಿರುವುದಿಲ್ಲ.

ಇದಕ್ಕೆ ಪ್ರಸಾದನೊಬ್ಬನನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಅವನ ಬಜೆಟ್ಟಿಗೂ ಇದರಲ್ಲಿ ಪಾಲಿತ್ತು. ತಲೆಬುರುಡೆಗಳನ್ನು ಅವನು ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವ ಸಾಬಿರಾ ಎಂಬಾಕೆಯಿಂದ ಮಾಡಿಸುತ್ತಿದ್ದ. ಅವಳ ಕೈಕೆಲಸಕ್ಕೆ ಹೆಸರಿಡುವಂತಿರಲಿಲ್ಲ; ಆದರೆ ಅವಳ ಯಂತ್ರದ ಮೇಲೆ ತಿರುಗಿದ್ದೆಲ್ಲ ದುಂಡಗಾಗುತ್ತಿತ್ತು, ಅರಗು ಹಚ್ಚಿದ ಮೇಲೆ ಥಳಥಳ ಹೊಳೆಯುತ್ತಿತ್ತು. "ಒಸಿ ಭಯಂಕರವಾಗಿ ಮಾಡಮ್ಮ" ಎಂದರೆ ಕೆಂಪಿನ ಜೊತೆಗೆ ಹಳದಿ ಬಣ್ಣವನ್ನೂ ಸೇರಿಸುತ್ತಿದ್ದಳು. ಶೂಟಿಂಗ್ ನೋಡಲು ಬಂದ ಮಕ್ಕಳು ಬುರುಡೆಗಳನ್ನು ಉರುಳಿಸಿಕೊಂಡು ಮನೆಗೆ ಹೋಗಿಬಿಡುತ್ತಿದ್ದವು. ಹೊಗೆಯ ಯಂತ್ರವನ್ನು ಬಾಡಿಗೆಗೆ ತರಲಾಗದೆ, ರಾಮನಗರದಲ್ಲಿ ರೇಷ್ಮೆಗೂಡು ಬೇಯಿಸುವ ಶೆಡ್ಡುಗಳ ಹಿಂದೆ ನಟರನ್ನು ನಿಲ್ಲಿಸಿ, ಆ ಹಬೆಯನ್ನೇ ಸ್ಮಶಾನದ ಮಂಜು ಎಂದು ತೋರಿಸುತ್ತಿದ್ದ. ಗೂಡಿನ ವಾಸನೆಗೆ ನಟರ ಮುಖ ತಾನಾಗಿಯೇ ಕಿವುಚಿಕೊಳ್ಳುತ್ತಿದ್ದುದರಿಂದ ಅಭಿನಯ ಸಹಜವಾಗಿರುತ್ತಿತ್ತು. ಲೈಟಿನ ಖರ್ಚು ಉಳಿಯಲೆಂದು ಅವನ ದೆವ್ವಗಳು ಮಟಮಟ ಮಧ್ಯಾಹ್ನವೇ ಓಡಾಡುತ್ತಿದ್ದವು.

ಅವನ ಮೊದಲ ಸಿನಿಮಾ ‘ಬಾವಿಯೊಳಗಿನ ಬಳೆ’ ಕನಕಪುರದ ಟಾಕೀಸಿಗೆ ಬಂದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊಲೆಯ ದೃಶ್ಯವನ್ನು ಇನ್ನೊಮ್ಮೆ ಹಾಕೆಂದು ಸೀಟಿ ಹೊಡೆದರು. ಆಮೇಲೆ ಅವನು ಟೀವಿಗೆ ಇಳಿದ. ‘ಮಂದಾಕಿನಿ ಮಧ್ಯಾಹ್ನ ಬರ್ತಾಳೆ’ ಎಂಬ ಧಾರಾವಾಹಿ ಊಟದ ಹೊತ್ತಿಗೆ ಪ್ರಸಾರವಾಗುತ್ತಿತ್ತು. ಅದನ್ನು ನೋಡುತ್ತ ಉಂಡರೆ ಮಕ್ಕಳು ಎರಡು ತುತ್ತು ಹೆಚ್ಚಿಗೆ ತಿನ್ನುತ್ತವೆಂದು ತಾಯಂದಿರು ಮೆಚ್ಚಿಕೊಂಡಿದ್ದರು.

ಹೆದರಿದಂತೆ ಮಾಡುತ್ತಿದ್ದದ್ದು ಒಂದೇ ಜೀವ, ಅವನ ತಾಯಿ ಗಿರಿಜಾಂಬ. ಟೀವಿಯ ಮುಂದೆ ಕೂತು, ಮಂದಾಕಿನಿ ಬಂದ ಕೂಡಲೇ ಸೆರಗನ್ನು ಮುಖಕ್ಕೆ ಎಳೆದುಕೊಂಡು, "ಅಯ್ಯಪ್ಪಾ, ಎದೆ ಒಡೆದೋಯ್ತು ಕಣ್ ಮಗ" ಅನ್ನುವಳು. ಸೆರಗಿನೊಳಗೆ ಅವಳು ನಗುತ್ತಿದ್ದಾಳೆಂದು ಪ್ರಸಾದನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನಿಗೆ ಅದು ಬೇಕಿತ್ತು. ಅವಳು ಹೋದ ಮೇಲೆ ಕಲ್ಯದ ಹೊಲದಲ್ಲೇ ಹೂತು, ಅಪ್ಪ ಗವಿಸಿದ್ದಯ್ಯ ಮಣ್ಣಿನ ಗುಡ್ಡೆ ಮಾಡಿ, ತಲೆಯ ಕಡೆಗೆ ಒಂದು ಕಾಡುಗಲ್ಲು ನಿಲ್ಲಿಸಿದ. ಗುಡ್ಡೆಯ ಮೇಲೆ ತುಂಬೆಗಿಡ ತಾನಾಗಿ ಹುಟ್ಟಿಕೊಂಡಿತು. ಊರಿನಲ್ಲಿ ಎಲ್ಲರ ಹಿರಿಯರೂ ಹೀಗೆಯೇ ಅವರವರ ಹೊಲದಲ್ಲಿ ಮಲಗಿದ್ದರು. ಯಾರ ಗುಡ್ಡೆ ಯಾವುದೆಂದು ಬೋರ್ಡು ನೋಡಿ ತಿಳಿಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ರಾಮನಗರ ಹೊಸ ಜಿಲ್ಲೆಯಾದ ವರ್ಷ ‘ಚತುರ್ದಿಕ್ ಕೈಗಾರಿಕಾ ವಿಸ್ತರಣಾ ಪ್ರಾಧಿಕಾರ’ ಎಂಬುದು ಅಸ್ತಿತ್ವಕ್ಕೆ ಬಂದು, ಕಣ್ಣಿಗೆ ಬಿದ್ದ ಹೊಲಗಳನ್ನೆಲ್ಲ ಅಳೆಯತೊಡಗಿತು. ಪ್ರಾಧಿಕಾರವು ಮಾನವೀಯ ಸಂಸ್ಥೆಯಾದ್ದರಿಂದ, ಸಮಾಧಿ ಇರುವ ಜಮೀನನ್ನು ಮುಟ್ಟತಕ್ಕದ್ದಲ್ಲವೆಂದು ಆರಂಭದಲ್ಲೇ ಪ್ರಕಟಿಸಿತ್ತು. ಪರಿಶೀಲನೆಗೆ ನೇಮಕವಾದ ಅಧಿಕಾರಿ ಜಯಕುಮಾರ್ ಅವರು ಹುಟ್ಟಿದಂದಿನಿಂದ ಕ್ವಾರ್ಟರ್ಸಿನಲ್ಲೇ ಬೆಳೆದವರು. ಸಮಾಧಿಯನ್ನು ಅವರು ನೋಡಿದ್ದು ಟೀವಿಯಲ್ಲಿ ಮಾತ್ರ.

ಅವರ ಜೀಪು ಮೊದಲು ನಿಂತದ್ದು ಗುಡೇಮಾರನಹಳ್ಳಿಯ ಬೋರಲಿಂಗಯ್ಯನ ಹೊಲದಲ್ಲಿ. ಆ ಹೊಲದ ಹುಣಿಸೆಮರದ ಕೆಳಗೆ ಪ್ರಸಾದ್ ತನ್ನ ಧಾರಾವಾಹಿಯ ಸೆಟ್ ಹಾಕಿದ್ದ: ಕರಿಬಣ್ಣ ಬಳಿದ ಥರ್ಮಾಕೋಲಿನ ಸಮಾಧಿ, ಅದಕ್ಕೊಂದು ಕಮಾನು, ಪಕ್ಕದಲ್ಲಿ ಪ್ಲಾಸ್ಟಿಕ್ ಪೈಪು ಬಗ್ಗಿಸಿ ಮಾಡಿದ ಒಣಮರ. ಕಮಾನಿನ ಮೇಲೆ ಹೀಗೆ ಬರೆದಿತ್ತು: ‘ಕುಮಾರಿ ಮಂದಾಕಿನಿ. ಜನನ: ಅಮಾವಾಸ್ಯೆ. ಮರಣ: ಅಮಾವಾಸ್ಯೆ.’

ಜಯಕುಮಾರ್ ಅವರು ಬೂಟು ಕಳಚಿ ಕೈಮುಗಿದರು. "ಇವರು ಯಾರು?" ಎಂದು ಬೋರಲಿಂಗಯ್ಯನನ್ನು ಕೇಳಿದರು.

"ಮಂದಾಕಿನಿ ಅಂತವ ಸಾ."

"ನಿಮಗೆ ಏನಾಗಬೇಕು?"

"ಏನೂ ಆಗ್ಬೇಕಿಲ್ಲ. ಸೀರಿಯಲ್ಲಿಗೆ ಅಂತ ಬಂದ್ಲು, ಇಲ್ಲೇ ಉಳ್ಕಂಬುಟ್ಲು."

"ಪಾಪ. ಹೇಗೆ ಹೋದರು?"

"ವಾರವಾರ ಒಂದೊಂದ್ ಥರ ಸಾ."

ಬೋರಲಿಂಗಯ್ಯ ಒಂದು ಮಾತನ್ನೂ ಸುಳ್ಳು ಹೇಳಿರಲಿಲ್ಲ. ಅವನ ಹೊಲವನ್ನು ಪ್ರಾಧಿಕಾರ ಅಂದೇ ಕೈಬಿಟ್ಟಿತು. ಚಿತ್ರೀಕರಣ ಮುಗಿದ ಮೇಲೆ ಪ್ರಸಾದ್ ಸೆಟ್ ಕಳಚಲು ಹೋದಾಗ ಬೋರಲಿಂಗಯ್ಯ ಕುಡುಗೋಲು ಹಿಡಿದು ಅಡ್ಡ ನಿಂತ. "ಮುಟ್ಟೀಯ ಕಣ್ಲಾ! ಮಂದಾಕಿನಮ್ಮ ನಮ್ಮನೆ ಹೆಣ್ಮಗಳಿದ್ದಂಗೆ."

ಸುದ್ದಿ ಹರಡಿ, ಆ ಬೇಸಿಗೆಯಲ್ಲಿ ಸುತ್ತಮುತ್ತಲ ಹೊಲಗಳಲ್ಲಿ ಥರ್ಮಾಕೋಲ್ ಒಳ್ಳೆಯ ಫಸಲು ಬಂತು. ಇಪ್ಪತ್ತು ವರ್ಷ ನಿರ್ಮಾಪಕರ ಮನೆ ಬಾಗಿಲು ಕಾದಿದ್ದ ಪ್ರಸಾದನ ಬಾಗಿಲಲ್ಲಿ ಈಗ ರೈತರು ಕಾದು ಕೂತರು. ಪ್ರಾಧಿಕಾರಕ್ಕೆ ಕಸಿವಿಸಿಯಾಯಿತು. ಸಮಾಧಿ ಎಂದರೇನೆಂದು ಖಚಿತವಾಗಿ ನಿರೂಪಿಸಲು ಒಂದು ತಜ್ಞ ಸಮಿತಿ ರಚಿಸಿತು. ಸಮಾಧಿಗಳ ಬಗ್ಗೆ ಇಡೀ ಜಿಲ್ಲೆಯಲ್ಲಿ ಅತಿ ಹೆಚ್ಚು ಅನುಭವವುಳ್ಳವರು ಯಾರೆಂದು ವಿಚಾರಿಸಿದಾಗ ಪ್ರಸಾದನ ಹೆಸರೇ ಬಂದದ್ದು ಸಹಜವಾಗಿತ್ತು.

ಪ್ರಸಾದನಿಗೆ ಹಿಗ್ಗೋ ಹಿಗ್ಗು. ಜೀವನದಲ್ಲಿ ಮೊದಲ ಸಲ ಒಬ್ಬ ಅಧಿಕಾರಿ ಎದ್ದು ನಿಂತು ಅವನಿಗೆ ಕುರ್ಚಿ ತೋರಿಸಿದ್ದರು. ಕೋಡುಬಳೆ, ಕಾಫಿ ಬಂದವು. ಸಮಾಧಿ ಹೇಗಿರಬೇಕೆಂದು ಕೇಳಿದರು. ಅವನಿಗೆ ಕೇಳಿಸಿದ್ದು, ಒಳ್ಳೆಯ ಸೆಟ್ ಹೇಗಿರಬೇಕೆಂದು. ಕಣ್ಣು ಮುಚ್ಚಿಕೊಂಡು ಅವನು ಹೇಳುತ್ತಾ ಹೋದ, ಜಯಕುಮಾರ್ ಅವರು ಬರೆದುಕೊಂಡರು. ಪ್ರಕಟಣೆ ಹೀಗೆ ಹೊರಬಿತ್ತು:

‘ಸಮಾಧಿಯು ನೋಡಿದ ಕೂಡಲೇ ಸಮಾಧಿಯೆಂದು ತಿಳಿಯತಕ್ಕದ್ದು. ಕಮಾನು ಹಾಗೂ ಹೆಸರು ಇರತಕ್ಕದ್ದು. ಆಸುಪಾಸಿನಲ್ಲಿ ಒಣಮರ ಇದ್ದಲ್ಲಿ ಅಪೇಕ್ಷಣೀಯ. ನೋಡಿದವರು ಅಲ್ಪಸ್ವಲ್ಪವಾದರೂ ಹೆದರತಕ್ಕದ್ದು. ಯಾರನ್ನಾದರೂ ವಿಚಾರಿಸಿ ತಿಳಿಯಬೇಕಾದಂಥದ್ದನ್ನು ಮಣ್ಣಿನ ರಾಶಿಯೆಂದು ಪರಿಗಣಿಸತಕ್ಕದ್ದು.’

ಕೆಳಗೆ ಮಾದರಿಗಾಗಿ ಮಂದಾಕಿನಿಯವರ ಸಮಾಧಿಯ ಫೋಟೋ ಅಚ್ಚಾಗಿತ್ತು. ಪ್ರಸಾದ್ ಅದಕ್ಕೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿದ.

ಆ ಮೊಳೆ ಗೋಡೆಯಲ್ಲಿ ಸರಿಯಾಗಿ ಕೂರುವ ಮೊದಲೇ ಕಲ್ಯದಿಂದ ಅಪ್ಪನ ಫೋನು ಬಂತು.

"ಲೇ ಪ್ರಸಾದ, ಯಾರೋ ಜೀಪಲ್ಲಿ ಬಂದು ನಿಮ್ಮವ್ವನ ತಲೆಗಲ್ಲಿಗೆ ಕೆಂಪು ಬಣ್ಣ ಬಳಿದು ಹೋದ್ರು ಕಣ್ಲಾ. ಮಣ್ಣಿನ ರಾಶಿ ಅಂತೆ. ಎತ್ತಾಕ್ತಾರಂತೆ."

ಪ್ರಸಾದ್ ಸಿಕ್ಕ ಬಸ್ಸು ಹತ್ತಿ ರಾಮನಗರದ ಕಚೇರಿಗೆ ಓಡಿದ. ಜಯಕುಮಾರ್ ಅವರು ಎಂದಿನಂತೆ ಎದ್ದು ನಿಂತು ಕುರ್ಚಿ ತೋರಿಸಿದರು.

"ಸಾರ್, ಅದು ನಮ್ಮವ್ವ."

"ಇರಬಹುದು. ಆದರೆ ನೋಡಿದ ಕೂಡಲೇ ನನಗೆ ತಿಳಿಯಲಿಲ್ಲವಲ್ಲ. ನಿಮ್ಮ ತಂದೆಯವರನ್ನು ವಿಚಾರಿಸಬೇಕಾಯಿತು. ವಿಚಾರಿಸಿದ ಮೇಲೆ ಅದು ರಾಶಿಯಾಗುತ್ತೆ."

"ಹೋಗ್ಲಿ, ಆ ಮಂದಾಕಿನಿ ಸುಳ್ಳು ಸಾರ್. ನಾನೇ ಮಾಡಿದ್ದು. ಥರ್ಮಾಕೋಲು!"

ಜಯಕುಮಾರ್ ಅವರು ನೊಂದುಕೊಂಡರು. "ಪ್ರಸಾದ್ ಅವರೇ, ತೀರಿಕೊಂಡವರ ಬಗ್ಗೆ ಹಾಗೆ ಮಾತಾಡಬಾರದು. ನಿಯಮ ನೀವೇ ಹೇಳಿದ್ದು, ನಾವು ಒಂದು ಕಾಮಾವನ್ನೂ ಬದಲಾಯಿಸಿಲ್ಲ. ನಿಮ್ಮ ತಾಯಿಯವರ ವಿಷಯದಲ್ಲಿ ಮರುಪರಿಶೀಲನೆಗೆ ಅವಕಾಶವಿದೆ. ನಾನು ಬರುತ್ತೇನೆ. ನನ್ನನ್ನು ಅಲ್ಪಸ್ವಲ್ಪ ಹೆದರಿಸಿ, ಸಾಕು."

ಇದನ್ನು ಅವರು ಉಪಕಾರವೆಂದೇ ಹೇಳಿದ್ದು. ಇಪ್ಪತ್ತು ವರ್ಷದಲ್ಲಿ ಯಾರನ್ನೂ ಹೆದರಿಸಲಾಗದ ಮನುಷ್ಯ ಈಗ ತಾಯಿಯ ಗುಡ್ಡೆ ಉಳಿಸಲು ಒಬ್ಬನನ್ನು ಹೆದರಿಸಬೇಕಾಗಿತ್ತು.

ಪ್ರಸಾದ್ ಕಲ್ಯದ ಹೊಲಕ್ಕೆ ಕಮಾನು ತಂದ, ಪೈಪಿನ ಒಣಮರ ತಂದ, ಸಾಬಿರಾಗೆ ಹೇಳಿ ಬರೀ ಕಪ್ಪು ಬಣ್ಣದ ಬುರುಡೆ ಮಾಡಿಸಿದ. ಅವಳು ಕಣ್ಣಿಗೆ ಮಾತ್ರ ಒಂದಿಷ್ಟು ಗುಲಾಬಿ ಹಚ್ಚಿದ್ದಳು. ಮಂದಾಕಿನಿಯ ಪಾತ್ರ ಮಾಡುವ ನೇತ್ರಾಳನ್ನು ಬಿಳಿ ಸೀರೆ ಉಡಿಸಿ ಬೇಲಿಯ ಹಿಂದೆ ಕೂರಿಸಿದ. ಗವಿಸಿದ್ದಯ್ಯ ಇದನ್ನೆಲ್ಲ ನೋಡುತ್ತ ತುಂಬೆಗಿಡಕ್ಕೆ ನೀರು ಹಾಕುತ್ತಿದ್ದ.

"ಯಾಕ್ಲಾ ಇದೆಲ್ಲ?"

"ಸಾಹೇಬ್ರು ಹೆದರ್ಬೇಕಂತೆ ಕಣಪ್ಪ."

"ನಿಮ್ಮವ್ವನ್ನ ನೋಡಿ ಯಾರ್‌ ಹೆದರ್ತಾರ್ಲಾ? ಭಿಕ್ಷದೋರೂ ಹೆದರ್ತಿರ್ನಿಲ್ಲ. ಎರಡ್‌ ಸಲ ಇಸ್ಕಂಡು ಹೋಗೋರು."

ಆದರೂ ಪ್ರಸಾದ್ ಒಣಮರ ನೆಟ್ಟ.

ಜಯಕುಮಾರ್ ಅವರು ಬಂದರು. ಸನ್ನೆಯಂತೆ ನೇತ್ರಾ ಬೇಲಿಯ ಹಿಂದಿನಿಂದ ಕೂದಲು ಕೆದರಿಕೊಂಡು, ಕೋರೆಹಲ್ಲು ಬಿಟ್ಟು, "ಬಿಡಲಾರೆ!" ಎಂದು ಕಿರುಚುತ್ತ ಎದ್ದಳು.

"ಅರೆ, ಮೇಡಂ!" ಎಂದರು ಜಯಕುಮಾರ್. "ನಮ್ಮ ಮನೆಯವರು ನಿಮ್ಮ ಧಾರಾವಾಹಿ ಬಿಟ್ಟು ಊಟಾನೇ ಮಾಡಲ್ಲ. ಇಲ್ಲೊಂದು ಸಹಿ ಹಾಕಿಕೊಡಿ." ನೇತ್ರಾ ಕೋರೆಹಲ್ಲು ತೆಗೆದು ಸಹಿ ಹಾಕಿಕೊಟ್ಟಳು. ಜಯಕುಮಾರ್ ಅವರು ಒಂದು ನಿಮಿಷ ಕಣ್ಣು ಮುಚ್ಚಿ, ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಂಡು, "ಭಯ ಉಂಟಾಗಿರುವುದಿಲ್ಲ" ಎಂದು ನಿಜವಾದ ವಿಷಾದದಿಂದ ತಿಳಿಸಿದರು.

ಜೆಸಿಬಿ ಬಂದು ಮಣ್ಣಿನ ರಾಶಿಯನ್ನು ಸಮ ಮಾಡಿತು. ಅದರ ಚಾಲಕ ಬಳ್ಳಾರಿ ಕಡೆಯ ಹುಡುಗ, ಊರಿಗೆ ಹೊಸಬ. ಯಾರೂ ಏನೂ ಹೇಳದಿದ್ದರೂ ಮೊದಲು ಕೆಳಗಿಳಿದು, ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಯಂತ್ರ ಹತ್ತಿದ. ಕೆಲಸದ ವೇಳೆಯಲ್ಲಿ ಮಣ್ಣಿನ ರಾಶಿಗೆ ನಮಸ್ಕರಿಸಿದ್ದಕ್ಕೆ ಅವನಿಂದ ವಿವರಣೆ ಕೇಳಲಾಯಿತು.

ಪ್ರಾಧಿಕಾರವು ಮಾನವೀಯ ಸಂಸ್ಥೆಯೆಂದು ಹಿಂದೆಯೇ ಹೇಳಲಾಗಿದೆ. ನೆಲೆ ತಪ್ಪಿದ ಹಿರಿಯರಿಗಾಗಿ ಅದು ಒಂದು ವ್ಯವಸ್ಥೆ ಮಾಡಿತು. ಕಲ್ಯದಲ್ಲಿ ಸಮವಾದ ಎಲ್ಲ ಗುಡ್ಡೆಗಳವರನ್ನೂ ತಾಲ್ಲೂಕಿನ ಏಕೈಕ ಮಾದರಿ ಸಮಾಧಿಯಾದ ಗುಡೇಮಾರನಹಳ್ಳಿಯ ಮಂದಾಕಿನಿಯವರಲ್ಲಿ ವಿಲೀನಗೊಳಿಸಲಾಗಿದೆ. ವಾರಸುದಾರರು ಇನ್ನು ಮುಂದೆ ಎಡೆಯನ್ನು ಅಲ್ಲಿಯೇ ಇಡತಕ್ಕದ್ದು ಎಂದು ಡಂಗುರ ಹೊಡೆಸಿತು. ಒಂದು ವಾರ ಜನ ಬೈದರು. ಎರಡನೆಯ ವಾರ, ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳತೊಡಗಿದರು.

ಹಿರಿಯರ ಹಬ್ಬದ ದಿನ ಬೋರಲಿಂಗಯ್ಯನ ಹೊಲದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೋರಲಿಂಗಯ್ಯ ಹೆಗಲ ಮೇಲೆ ಹೊಸ ಟವಲು ಹಾಕಿಕೊಂಡು, "ಸಾಲಾಗ್‌ ಬನ್ನಿ, ಮಂದಾಕಿನಮ್ಮ ಎಲ್ಲೂ ಹೋಗಕಿಲ್ಲ" ಎಂದು ಕೂಗುತ್ತಿದ್ದ. ಜಯಕುಮಾರ್ ಅವರು ಪ್ರಾಧಿಕಾರದ ಪರವಾಗಿ ಒಂದು ಹಾರ ತಂದಿದ್ದರು. ಗವಿಸಿದ್ದಯ್ಯ ಬಾಳೆ ಎಲೆ ಹಾಸಿ, ಹೆಂಡತಿಗೆ ಇಷ್ಟವಾದ ನುಚ್ಚಿನುಂಡೆಗಳನ್ನು ಥರ್ಮಾಕೋಲಿನ ಮುಂದೆ ಜೋಡಿಸಿದ.

"ಇವ್ಳೇ ಏನ್ಲಾ ನಿಮ್ಮವ್ವ?"

"ಆರ್ಡರ್ ಪ್ರಕಾರ ಹೂಂ ಕಣಪ್ಪ."

ಗವಿಸಿದ್ದಯ್ಯ ಒಂದು ಉಂಡೆಯನ್ನು ಸರಿಯಾಗಿ ಕೂರಿಸಿ ಅಂದ: "ಬಸ್ಸಲ್ಲಿ ಕುಂತ್ರೆ ವಾಂತಿ ಮಾಡ್ಕೊಳ್ಳೋಳು ಅವಳು. ಮಾಗಡೀಲಿ ಇಳ್ದು ಬಸ್ಸು ಬದಲಾಯಿಸ್ಕಂಡು ಇಲ್ಲೀಗಂಟ ಹೆಂಗ್‌ ಬತ್ತಾಳ್ಲಾ?"

ಎಡೆ ಇಟ್ಟ ಮೇಲೆ, ಹಿರಿಯರು ಬಂದು ನಾಚಿಕೆಯಿಲ್ಲದೆ ಉಣ್ಣಲಿ ಎಂದು, ಇಟ್ಟವರು ಬೆನ್ನು ತಿರುಗಿಸಿ ನಿಲ್ಲುವುದು ರೂಢಿ. ಎಲ್ಲರೂ ತಿರುಗಿ ನಿಂತರು. ಮಟಮಟ ಮಧ್ಯಾಹ್ನ. ಬೆನ್ನ ಹಿಂದೆ ಗಾಳಿಗೆ ಥರ್ಮಾಕೋಲು ಕಿರ್ರೆಂದಿತು. ಪ್ರಸಾದನ ಕಣ್ಮುಂದೆ ಅವ್ವ ಬಂದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ತನ್ನ ಹೊಲಕ್ಕೆ ಹೋಗಿ ನೋಡಿದರೆ ಅಲ್ಲಿ ಗುಡ್ಡೆಯಿಲ್ಲ, ಕಲ್ಲಿಲ್ಲ, ತುಂಬೆಗಿಡವಿಲ್ಲ. ಸೆರಗು ಸರಿಮಾಡಿಕೊಂಡು ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ‘ನನ್ನ ಮಗ ನನ್ನನ್ನ ಎಲ್ಲಿ ಇಟ್ಟವ್ನೆ ಗೊತ್ತಾ’ ಎಂದು ಕಂಡಕಂಡವರನ್ನು ಕೇಳುತ್ತಿದ್ದಾಳೆ. ಪ್ರಸಾದನ ಮೈ ಬೆವೆತಿತು. ಪಕ್ಕದಲ್ಲಿದ್ದ ಅಪ್ಪನ ತೋಳು ಹಿಡಿದುಕೊಂಡ.

ಜಯಕುಮಾರ್ ಅವರು ಇದನ್ನು ಗಮನಿಸಿದರು. "ಪ್ರಸಾದ್ ಅವರೇ, ಹೆದರಿದ್ದೀರಾ?"

"ಹೂಂ ಸಾರ್."

"ನಿಜವಾಗಿ?"

"ನಿಜವಾಗಿ."

ಜಯಕುಮಾರ್ ಅವರ ಮುಖ ಅರಳಿತು. ಮಂದಾಕಿನಿಯವರ ಸಮಾಧಿಯನ್ನು ನೋಡಿ ಈವರೆಗೆ ಯಾರೂ ಹೆದರಿರದ ಕಾರಣ ಅದರ ಮಾನ್ಯತೆಯೂ ತಾತ್ಕಾಲಿಕವಾಗಿಯೇ ಉಳಿದಿತ್ತು. ಈಗ ಭಯ ಉಂಟಾಗಿರುವುದನ್ನು ಖುದ್ದು ನೋಡಿರುವುದಾಗಿಯೂ, ಸಮಾಧಿಯು ಇಂದಿನಿಂದ ಕಾಯಂ ಆಗಿರುವುದಾಗಿಯೂ ಅವರು ಸ್ಥಳದಲ್ಲೇ ಘೋಷಿಸಿದರು. ಜನ ಬೆನ್ನು ತಿರುಗಿಸಿಕೊಂಡೇ ಚಪ್ಪಾಳೆ ತಟ್ಟಿದರು. "ಅಂತೂ ಒಬ್ಬನ್ನ ಹೆದರಿಸ್ಬುಟ್ಟೆ ಕಣ್ಲಾ ಡೈರೆಕ್ಟ್ರು!" ಎಂದು ಬೋರಲಿಂಗಯ್ಯ ಪ್ರಸಾದನ ಬೆನ್ನು ಚಪ್ಪರಿಸಿದ.

ಆಮೇಲೆ ಎಲ್ಲರೂ ತಿರುಗಿ ನೋಡಿದರು. ಎಲೆಯ ಮೇಲೆ ನುಚ್ಚಿನುಂಡೆಗಳು ಇಟ್ಟಂತೆಯೇ ಇದ್ದವು. ಒಂದೂ ಕದಲಿರಲಿಲ್ಲ.

"ಉಂಡವ್ಳೆ" ಎಂದ ಬೋರಲಿಂಗಯ್ಯ.

"ಉಂಡಿದ್ದಾರೆ" ಎಂದರು ಜಯಕುಮಾರ್.

ಸಾಲಿನಲ್ಲಿದ್ದವರೆಲ್ಲ ಹೌದು ಹೌದೆಂದರು. ಗವಿಸಿದ್ದಯ್ಯ ಮಗನ ಮುಖವನ್ನೊಮ್ಮೆ ನೋಡಿ, ತಾನೂ ಹೂಂ ಎಂದು ತಲೆಯಾಡಿಸಿ, ಕಲ್ಯದ ಬಸ್ಸಿಗೆ ಹೊತ್ತಾಯಿತೆಂದು ಎಲೆ ಮಡಿಸತೊಡಗಿದ.