ಬಾಡಿ ಯಂತ್ರ ವಿಭಾಗಕ್ಕೆ, ಲೆನ್ಸ್ ಗಾಜು ವಿಭಾಗಕ್ಕೆ

ಉಪನಗರ ಶಿಥಿಲ ಕಟ್ಟಡ ಮಂಡಳಿಯು ತನ್ನ ಸ್ವಂತ ಕ್ಯಾಮೆರಾದಲ್ಲಿ, ತನ್ನ ಸ್ವಂತ ಛಾಯಾಗ್ರಾಹಕನ ಕೈಯಿಂದ ತೆಗೆಸಿದ ಫೋಟೋ ಕಡತದಲ್ಲಿ ಇಲ್ಲದೆ ಮುಂಬಯಿಯ ಯಾವ ಕಟ್ಟಡವೂ ಮುರಿದಿದೆಯೆಂದು ಒಪ್ಪುವುದಿಲ್ಲ. ಇದು ನಮ್ಮ ನಿಯಮಾವಳಿಯ ಹದಿನಾಲ್ಕನೆಯ ನಿಯಮ. ಅದನ್ನು ಮೂರು ಕಾರ್ಬನ್ ಪ್ರತಿಗಳ ಸಮೇತ ಟೈಪ್ ಮಾಡಿದವನು ನಾನೇ. ಹಾಗಾಗಿ ಅದರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಹಿಸಲಾಗುವುದಿಲ್ಲ. ಅಂಧೇರಿಯ ಒಂದು ಚಾಳಿನ ಮೆಟ್ಟಿಲಿನ ವಿಷಯದಲ್ಲಿ ಮಂಡಳಿ ಕೈಕಟ್ಟಿ ಕೂತಿತ್ತೆಂದು ಲೋಕಲ್ ರೈಲಿನಲ್ಲಿ ಕೆಲವರು ಆಡಿಕೊಳ್ಳುವುದನ್ನು ಕೇಳಿದ್ದೇನೆ. ಮಂಡಳಿ ಒಂದು ದಿನವೂ ಸುಮ್ಮನೆ ಕೂತಿರಲಿಲ್ಲ. ಹಿರಿಯ ಗುಮಾಸ್ತನಾದ ನಾನು, ತಿರುಮಲೇಶ, ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

೧೯೮೭ರ ಜುಲೈ ತಿಂಗಳಲ್ಲಿ ಅಂಧೇರಿಯ ರುಕ್ಮಿಣಿಬಾಯಿ ಚಾಳಿನಿಂದ ನಾಗವ್ವ ಎಂಬ ಹೆಂಗಸು ಫೋರ್ಟ್ ಪ್ರದೇಶದ ನಮ್ಮ ಕಚೇರಿಗೆ ಅರ್ಜಿ ಹಿಡಿದು ಬಂದರು. ವಿಜಾಪುರದ ಕಡೆಯವರು, ಗಂಡನದು ಗೋಣಿಚೀಲದ ವ್ಯಾಪಾರ, ಮನೆ ಎರಡನೆಯ ಮಾಳಿಗೆಯಲ್ಲಿ. ಮಳೆಯಲ್ಲಿ ನೆನೆದು ಬಂದಿದ್ದರೂ ಅರ್ಜಿ ಮಾತ್ರ ಒದ್ದೆಯಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರು.

“ಸಾಹೇಬ್ರ, ನಮ್ಮ ಚಾಳಿಗೆ ಇರೂದು ಒಂದ ಮೆಟ್ಲಾರಿ. ಅದರಾಗ ಆರು ಹಲಗಿ ಮುರದಾವು, ಹಿಡಕೊಳ್ಳಾಕ ಕಂಬಿ ಸುದ್ದಾ ಇಲ್ಲ. ಫೆಬ್ರವರಿದಾಗ ನನ್ನ ಮಗಳು ಶಾಮಲಾಂದು ಚೊಚ್ಚಲ ಹೆರಗಿ ಐತಿ. ಹೆರಗಿಗೆ ತವರಿಗೇ ಬರಾಕಿ. ತುಂಬಿದ ಬಸುರಿ ಅದನ್ನ ಹೆಂಗ ಹತ್ತಬೇಕ್ರಿ?” ಎಂದರು.

ಫೆಬ್ರವರಿಗೆ ಇನ್ನೂ ಏಳು ತಿಂಗಳಿದೆ, ಚಿಂತೆ ಬೇಡ ಎಂದೆ. ಮನಸ್ಸಿನಿಂದಲೇ ಹೇಳಿದೆ. ಫೋಟೋ ಒಂದು ಆದರೆ ದುರಸ್ತಿಗೆ ಮೂರು ದಿನ ಸಾಕು. ಛಾಯಾಗ್ರಾಹಕನಂತೂ ನಮ್ಮಲ್ಲಿ ಎರಡು ವರ್ಷದಿಂದ ಇದ್ದ. ಇಲ್ಲದ್ದು ಕ್ಯಾಮೆರಾ ಒಂದೇ.

ಛಾಯಾಗ್ರಾಹಕನ ಹೆಸರು ಕೊರಗ. ಬಾಂದ್ರಾದ ಒಂದು ಸ್ಟುಡಿಯೋದಲ್ಲಿ ಹದಿನೆಂಟು ವರ್ಷ ದುಡಿದು, ಸರ್ಕಾರಿ ಕೆಲಸವೆಂದು ಆಸೆಪಟ್ಟು ನಮ್ಮಲ್ಲಿಗೆ ಬಂದವನು. ಪ್ರತಿ ತಿಂಗಳೂ ಅವನಿಗೆ ಎರಡು ರೋಲು ಫಿಲ್ಮ್ ಕೊಡಲಾಗುತ್ತಿತ್ತು. ಅವನು ಅವನ್ನು ಕಪಾಟಿನಲ್ಲಿಟ್ಟು, ಅವಧಿ ಮುಗಿದ ಮೇಲೆ ನಿಯಮದಂತೆ ನನ್ನ ಎದುರು ಕತ್ತರಿಸಿ ಹಾಕುತ್ತಿದ್ದ. ಕೆಲಸದಲ್ಲಿ ಅವನ ಮೇಲೆ ಒಂದು ದೂರೂ ಇರಲಿಲ್ಲ.

ನಾಗವ್ವನವರ ಅರ್ಜಿ ಬಂದ ಮೇಲೆ ಕಾರ್ಯದರ್ಶಿ ಸಾಳ್ವಿ ಸಾಹೇಬರು ಎಚ್ಚೆತ್ತು ಕೊರಗನನ್ನು ಕರೆಸಿ, ಯಾವ ಕ್ಯಾಮೆರಾ ಬೇಕೆಂದು ಕೇಳಿದರು. ಕೊರಗ ಒಂದು ಚೀಟಿಯಲ್ಲಿ ಎರಡೇ ಸಾಲು ಬರೆದುಕೊಟ್ಟ. ಬಾಡಿ ಒಂದು. ಅದೇ ಕಂಪನಿಯ ಲೆನ್ಸ್ ಒಂದು, ಇಪ್ಪತ್ತೆಂಟು ಮಿಲಿಮೀಟರಿನದು.

“ಚಾಳಿನ ಜಾಗೆ ಇಕ್ಕಟ್ಟು ಸಾರ್. ನಂಬರು ಸಣ್ಣದಾದಷ್ಟೂ ಹತ್ತಿರ ನಿಂತು ಅಗಲಕ್ಕೆ ತೆಗೀಬಹುದು” ಎಂದ.

ಚೀಟಿ ಉಗ್ರಾಣಕ್ಕೆ ಹೋಯಿತು. ಉಗ್ರಾಣದವರು ಓದಿ, ಒಂದು ಮೂಲಭೂತ ತಪ್ಪನ್ನು ಹಿಡಿದರು. ಬಾಡಿ ಎಂಬುದು ಯಂತ್ರ. ಲೆನ್ಸ್ ಎಂಬುದು ಗಾಜು. ಮಂಡಳಿಯಲ್ಲಿ ಯಂತ್ರಗಳನ್ನು ಕೊಳ್ಳುವುದು ಯಂತ್ರ ವಿಭಾಗ, ಗಾಜಿನ ಸಾಮಾನು ಕೊಳ್ಳುವುದು ಲೋಟ, ಕಿಟಕಿ ಮತ್ತು ಲಾಂದ್ರದ ಬುರುಡೆ ಕೊಳ್ಳುವ ಗಾಜು ವಿಭಾಗ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದದ್ದಕ್ಕೆ ಕೊರಗನಿಗೆ ಎಚ್ಚರಿಕೆಯ ಪತ್ರ ಕೊಟ್ಟು, ಚೀಟಿಯನ್ನು ನಡುವೆ ಹರಿದು ಎರಡು ವಿಭಾಗಕ್ಕೂ ಅರ್ಧರ್ಧ ಕಳಿಸಲಾಯಿತು. “ಅದೇ ಕಂಪನಿಯ” ಎಂಬ ಮಾತು ಹರಿದ ಜಾಗದಲ್ಲೇ ಇದ್ದದ್ದರಿಂದ ಯಾರಿಗೂ ಸಿಗಲಿಲ್ಲ.

ಯಂತ್ರ ವಿಭಾಗದ ಮುಖ್ಯಸ್ಥರು ಬೆಳಗಾವಿಯ ಮುರಿಗೆಪ್ಪನವರು. ಬಹಳ ಶ್ರದ್ಧೆಯ ಮನುಷ್ಯ. ಒಂಬತ್ತು ಅಂಗಡಿಗಳಿಂದ ಒಂಬತ್ತು ಬಾಡಿಗಳನ್ನು ಮಾದರಿಗೆಂದು ತರಿಸಿದರು. ಅಂಗಡಿಯವರು ಲೋಕ ಬಲ್ಲವರಾದ್ದರಿಂದ ಲೆನ್ಸ್ ಸಮೇತವೇ ಕಳಿಸಿದ್ದರು. ಲೆನ್ಸ್ ತಮ್ಮ ವಿಭಾಗಕ್ಕೆ ಸೇರಿದ್ದಲ್ಲವಾಗಿ ಮುರಿಗೆಪ್ಪನವರು ಅವನ್ನು ಪರೀಕ್ಷಿಸಲಿಲ್ಲ, ಬರೀ ಬಳಸಿದರು. ಬೆಳಗಾವಿಯಲ್ಲಿ ಅಣ್ಣನ ಮಗಳ ಮದುವೆ, ಧಾರವಾಡದಲ್ಲಿ ಬೀಗರ ಗೃಹಪ್ರವೇಶ, ಮಹಾಬಳೇಶ್ವರದಲ್ಲಿ ಕುಟುಂಬ ಸಮೇತ ಮೂರು ದಿನ, ಹೀಗೆ ಬೇರೆ ಬೇರೆ ಹವಾಮಾನದಲ್ಲಿ ಪರೀಕ್ಷೆ ನಡೆಯಿತು. ಉಳಿದ ಅಧಿಕಾರಿಗಳೂ ಹಿಂದೆ ಬೀಳಲಿಲ್ಲ, ಒಬ್ಬೊಬ್ಬರು ಒಂದೊಂದು ಮನೆಗೆ ಒಯ್ದರು.

ನಡುವೆ ನಾನೊಮ್ಮೆ, ಎಷ್ಟು ದಿನ ಬೇಕಾದೀತೆಂದು ಕೇಳಿದೆ.

“ಗಡಿಬಿಡಿ ಮಾಡಬ್ಯಾಡ್ರೀ ತಿರುಮಲೇಶ. ಬಾಡಿ ಅಂದಮ್ಯಾಲೆ ಗಟ್ಟಿ ಇರಬೇಕೋ ಬ್ಯಾಡೋ? ಸರ್ಕಾರದ ಸಾಮಾನ ಅದು. ನಾಳೆ ಮುರದರ ಜನಾ ನನಗ ಬೈತಾರ, ನಿಮಗಲ್ಲ” ಎಂದರು ಮುರಿಗೆಪ್ಪನವರು.

ಅಕ್ಟೋಬರಿನಲ್ಲಿ ಒಂದು ಬಾಡಿ ಆಯ್ಕೆಯಾಯಿತು. ವಾಪಸ್ಸು ಬಂದದ್ದು ಅದೊಂದೇ ಆದ್ದರಿಂದ ಆಯ್ಕೆ ಕಷ್ಟವಾಗಲಿಲ್ಲ. ಮಿಕ್ಕ ಎಂಟು ಪರೀಕ್ಷೆಯಲ್ಲಿ ಸವೆದುಹೋದವೆಂದು ಅಧಿಕಾರಿಗಳ ಮನೆಗಳಿಂದ ವರದಿ ಬಂತು.

ಆ ತಿಂಗಳೇ ನಾಗವ್ವ ಎರಡನೆಯ ಸಲ ಬಂದರು. ಅಂಧೇರಿ ಸ್ಟೇಷನ್ ಪಕ್ಕದ ಸ್ಟುಡಿಯೋದವನನ್ನು ಕರೆಸಿ ಮೆಟ್ಟಿಲಿನ ಫೋಟೋ ತೆಗೆಸಿ ತಂದಿದ್ದರು. ಮುರಿದ ಹಲಗೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಪಕ್ಕದಲ್ಲಿ ಅವರೇ ನಿಂತು ಬೆರಳು ಮಾಡಿ ತೋರಿಸುತ್ತಿದ್ದರು.

“ಈ ಫೋಟೋದಲ್ಲಿ ನೀವಿದ್ದೀರಿ. ಅರ್ಜಿ ಇರುವುದು ಮೆಟ್ಟಿಲಿನದು” ಎಂದೆ.

“ನಾ ಸರದು ನಿಂದ್ರತೇನ್ರಿ. ಇನ್ನೊಮ್ಮಿ ತಗಸ್ಲೇನು?”

“ಬೇಡಮ್ಮ. ಅದು ಹೊರಗಿನ ಕ್ಯಾಮೆರಾ. ಹೊರಗಿನ ಕ್ಯಾಮೆರಾದಲ್ಲಿ ಕಂಡ ಬಿರುಕು ನಮ್ಮ ಮಂಡಳಿಗೆ ಕಾಣುವುದಿಲ್ಲ.”

ಆಕೆ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಆ ದಿನ ನನಗೆ ಊಟ ರುಚಿಸಲಿಲ್ಲವೆಂದು ಹೇಳಲು ನಾಚಿಕೆಯಿಲ್ಲ. ಉಡುಪಿ ಹೋಟೆಲಿನಲ್ಲಿ ಅರ್ಧ ದೋಸೆ ಬಿಟ್ಟೆದ್ದೆ. ಆದರೆ ನಿಯಮ ಟೈಪ್ ಮಾಡಿದವನೇ ಅದನ್ನು ಮುರಿದರೆ ಉಳಿದವರ ಗತಿಯೇನು?

ಇತ್ತ ಗಾಜು ವಿಭಾಗದಲ್ಲಿ ಕೆಲಸ ಭರದಿಂದ ಸಾಗಿತ್ತು. ಅದರ ಮುಖ್ಯಸ್ಥೆ ಬೆಂಗಳೂರಿನ ಸುಬ್ಬಲಕ್ಷ್ಮಿಯವರು, ಇಪ್ಪತ್ತು ವರ್ಷದ ಅನುಭವಸ್ಥೆ. ಗಾಜಿನ ಸಾಮಾನಿಗೆ ನಮ್ಮಲ್ಲಿ ಎರಡು ಷರತ್ತು. ಡಜನ್ನಿಗೆ ಕಡಿಮೆ ಕೊಳ್ಳಕೂಡದು. ಕುದಿಯುವ ನೀರು ಸುರಿದಾಗ ಒಡೆಯಕೂಡದು. ಪರೀಕ್ಷೆಗೆ ಬಂದ ಲೆನ್ಸುಗಳಿಗೆ ಕ್ಯಾಂಟೀನಿನ ಹಂಡೆಯಿಂದ ನೀರು ಸುರಿಯುತ್ತಿರುವುದನ್ನು ಕಂಡು ಕೊರಗ ಓಡಿಬಂದ.

“ಅಮ್ಮ, ಇದಕ್ಕೆ ಬಿಸಿನೀರು ಯಾಕೆ? ಇದರಲ್ಲಿ ಯಾರೂ ಚಾ ಕುಡಿಯುದಿಲ್ಲಲ್ಲ!”

“ಇವತ್ತು ಕುಡಿಯಲ್ಲ. ನಾಳೆ ಯಾರಾದ್ರೂ ಕುಡಿದು ಕೈ ಸುಟ್ಕೊಂಡ್ರೆ ಜವಾಬ್ದಾರಿ ನಿಮ್ಮದಾ?” ಎಂದರು ಸುಬ್ಬಲಕ್ಷ್ಮಿಯವರು.

ಬಂದ ಲೆನ್ಸುಗಳಲ್ಲಿ ಬಹುಪಾಲು ಒಳಗೆಲ್ಲ ಮಂಜು ಕವಿದು ನಾಪಾಸಾದವು. ಪಾಸಾದದ್ದು ಒಂದೇ, ಗೇಣುದ್ದದ ಇನ್ನೂರು ಮಿಲಿಮೀಟರಿನದು. ಅದನ್ನು ತಂದವರು ಸಾಳ್ವಿ ಸಾಹೇಬರ ಭಾವಮೈದುನ. ಟೆಂಡರ್ ತೆರೆಯುವ ವಾರವೇ ಅವರಿಗೆ ಗಾಜಿನ ವ್ಯಾಪಾರದಲ್ಲಿ ಆಸಕ್ತಿ ಹುಟ್ಟಿತ್ತು. ಇನ್ನೂರರದ್ದು ದೂರದ ವಸ್ತುವಿಗೆ, ಇಕ್ಕಟ್ಟಿನ ಚಾಳಿಗೆ ಇಪ್ಪತ್ತೆಂಟೇ ಬೇಕು ಎಂದು ಕೊರಗ ಗೋಗರೆದ. ಸುಬ್ಬಲಕ್ಷ್ಮಿಯವರು ಅವನನ್ನು ಮರುಕದಿಂದ ನೋಡಿದರು.

“ಇನ್ನೂರು ಸಿಗೋವಾಗ ಇಪ್ಪತ್ತೆಂಟು ತಗೊಂಡ್ರೆ ಆಡಿಟ್‌ನೋರು ನನ್ನ ಸುಮ್ನೆ ಬಿಡ್ತಾರೇನ್ರೀ?”

ಹನ್ನೆರಡು ಲೆನ್ಸುಗಳು ಬಂದವು. ಒಂದನ್ನು ಕೊರಗನಿಗೆ ಕೊಟ್ಟು ಮಿಕ್ಕ ಹನ್ನೊಂದನ್ನು ಅಧಿಕಾರಿಗಳ ಮೇಜಿನ ಮೇಲೆ ಕಾಗದ ಹಾರದಂತೆ ಇಡಲಾಯಿತು. ಫ್ಯಾನಿನ ಗಾಳಿಗೆ ಕಾಗದ ಹಾರುವ ಹಳೆಯ ಸಮಸ್ಯೆ ಅಂದಿಗೆ ಬಗೆಹರಿಯಿತು.

ಡಿಸೆಂಬರಿನಲ್ಲಿ ಎರಡೂ ವಿಭಾಗದ ಮುಖ್ಯಸ್ಥರ ಸಮ್ಮುಖದಲ್ಲಿ ಲೆನ್ಸನ್ನು ಬಾಡಿಗೆ ಜೋಡಿಸುವ ಚಿಕ್ಕ ಸಮಾರಂಭ ಏರ್ಪಟ್ಟಿತು. ತೆಂಗಿನಕಾಯಿ ಒಡೆಯಲಾಯಿತು. ಲೆನ್ಸ್ ಕೂರಲಿಲ್ಲ. ಬಾಡಿ ಒಂದು ಕಂಪನಿಯದು, ಅದರ ಬಾಯಿ ಕೊಕ್ಕೆಯದು. ಲೆನ್ಸ್ ಇನ್ನೊಂದು ಕಂಪನಿಯದು, ಅದರ ಕುತ್ತಿಗೆ ತಿರುಪಿನದು. ತಮ್ಮ ಬಾಡಿ ಸರಿಯಾಗಿದೆಯೆಂದು ಮುರಿಗೆಪ್ಪನವರೂ ತಮ್ಮ ಲೆನ್ಸ್ ಸರಿಯಾಗಿದೆಯೆಂದು ಸುಬ್ಬಲಕ್ಷ್ಮಿಯವರೂ ಲಿಖಿತವಾಗಿ ತಿಳಿಸಿದರು. ಇಬ್ಬರೂ ಹೇಳಿದ್ದು ನಿಜವಾದ್ದರಿಂದ, ತಪ್ಪು ಛಾಯಾಗ್ರಾಹಕನದೆಂದು ಸಾಳ್ವಿ ಸಾಹೇಬರು ತೀರ್ಮಾನಿಸಿದರು.

ಅಷ್ಟರಲ್ಲಿ ಶಾಮಲಾ ಸೀಮಂತ ಮುಗಿಸಿಕೊಂಡು ತವರಿಗೆ ಬಂದಾಗಿತ್ತು. ನಾಗವ್ವ ಮುಂದಿನಿಂದ ಕೈಹಿಡಿದು, ನೆರೆಯ ಮಲ್ಲವ್ವ ಹಿಂದಿನಿಂದ ಸೊಂಟ ಹಿಡಿದು ಅವಳನ್ನು ಮೇಲೆ ಹತ್ತಿಸಿದರಂತೆ. ಇದನ್ನು ಕೇಳಿ ಕೊರಗ ತಡೆಯಲಾರದೆ, ಬಾಡಿಗೂ ಲೆನ್ಸಿಗೂ ನಡುವೆ ಹಾಕುವ ಒಂದು ಹಿತ್ತಾಳೆಯ ಉಂಗುರವನ್ನು ಸ್ವಂತ ದುಡ್ಡಿನಲ್ಲಿ ತಂದು ಜೋಡಿಸಿಬಿಟ್ಟ. ಸರ್ಕಾರದ ಎರಡು ಸ್ವತ್ತುಗಳ ನಡುವೆ ಖಾಸಗಿ ವಸ್ತುವನ್ನು ತೂರಿಸಿದ್ದಕ್ಕೆ ಅವನಿಗೆ ಎರಡನೆಯ ಎಚ್ಚರಿಕೆಯ ಪತ್ರ ಹೋಯಿತು. ಆದರೂ ಕ್ಯಾಮೆರಾ ಆಯಿತಲ್ಲ ಎಂದು ನಾವೆಲ್ಲ ಸಂತೋಷಪಟ್ಟೆವು.

ಜನವರಿಯಲ್ಲಿ ನಾನೂ ಕೊರಗನೂ ಚಾಳಿಗೆ ಹೋದೆವು. ಚಾಳಿನ ಅಂಗಳ ನಾಲ್ಕು ಹೆಜ್ಜೆ ಅಗಲ. ಕೊರಗ ಹಿಂದೆ ಸರಿದು, ಮತ್ತೆ ಸರಿದು, ಎದುರು ಬಿಲ್ಡಿಂಗಿನ ಗೋಡೆಗೆ ಬೆನ್ನು ತಾಗುವವರೆಗೂ ಸರಿದ. ಆ ಲೆನ್ಸಿನಲ್ಲಿ ಅವನಿಗೆ ಒಂದು ಮೊಳೆ ಕಂಡಿತು.

“ಬರೀ ಮೊಳೆ ಉಂಟು ಸಾರ್. ಮೆಟ್ಟಿಲು ಫೋಟೋದಲ್ಲಿ ಬೀಳುದಿಲ್ಲ” ಎಂದ.

“ಮೊಳೆ ಮೆಟ್ಟಿಲಿನದೇ ತಾನೇ? ತೆಗಿ” ಎಂದೆ.

ಫೋಟೋ ಅದ್ಭುತವಾಗಿ ಬಂತು. ಮೊಳೆಯ ತಲೆಯ ಮೇಲಿನ ಗೆರೆಗಳನ್ನೂ ಎಣಿಸಬಹುದಿತ್ತು. ತಾಂತ್ರಿಕ ಸಮಿತಿ ಅದನ್ನು ಭೂತಗನ್ನಡಿಯಲ್ಲಿ ನೋಡಿ, ಮೊಳೆ ಸುಸ್ಥಿತಿಯಲ್ಲಿದೆ, ತುಕ್ಕಿಲ್ಲ, ಆದ್ದರಿಂದ ದುರಸ್ತಿ ಅನಗತ್ಯವೆಂದು ಷರಾ ಬರೆಯಿತು. ನಾಗವ್ವ ಮೇಲ್ಮನವಿ ಸಲ್ಲಿಸಿದರು. ಮೇಲ್ಮನವಿಗೆ ಹೊಸ ಫೋಟೋ ಬೇಕಾಗುತ್ತದೆ.

ಫೆಬ್ರವರಿ ಒಂಬತ್ತರ ಮಧ್ಯಾಹ್ನ ಮೆಟ್ಟಿಲು ಪೂರ್ತಿ ಕುಸಿದುಬಿತ್ತು. ಆ ಹೊತ್ತಿಗೆ ಅದರ ಮೇಲಿದ್ದದ್ದು ಒಂದು ಬೆಕ್ಕು, ಅದು ಹಾರಿ ಪಾರಾಯಿತು. ಸದ್ದಿಗೋ ಗಾಬರಿಗೋ ಶಾಮಲಾಗೆ ಸಂಜೆಯೇ ನೋವು ಶುರುವಾಯಿತು. ಆಸ್ಪತ್ರೆ ಎರಡು ಫರ್ಲಾಂಗು, ಆದರೆ ಕೆಳಗಿಳಿಯುವ ದಾರಿಯಿರಲಿಲ್ಲ. ಮಲ್ಲವ್ವನೇ ಬಾಗಿಲು ಹಾಕಿಕೊಂಡು ಹೆರಿಗೆ ಮಾಡಿಸಿದರು. ಗಂಡು ಮಗು. ತಾಯಿ, ಮಗು ಇಬ್ಬರೂ ಉಳಿದದ್ದು ದೇವರ ದಯೆ, ನಮ್ಮದಲ್ಲ. ಚಾಳಿನ ಗಂಡಸರು ಒಂದು ಬಿದಿರಿನ ಏಣಿ ಕಟ್ಟಿದರು. ಗಟ್ಟಿಗರು ಅದರಲ್ಲಿ ಹತ್ತಿ ಇಳಿಯತೊಡಗಿದರು. ಹಸಿ ಬಾಣಂತಿ ಮಗುವನ್ನೆತ್ತಿಕೊಂಡು ಅದರಲ್ಲಿ ಇಳಿಯುವಂತಿರಲಿಲ್ಲ.

ಮೇಲ್ಮನವಿಯ ಫೋಟೋಗೆಂದು ಮಾರ್ಚಿನಲ್ಲಿ ನಾವು ಮತ್ತೆ ಹೋದೆವು. ಕೊರಗ ಅದೇ ಗೋಡೆಗೆ ಬೆನ್ನು ಕೊಟ್ಟು ಕ್ಯಾಮೆರಾ ಎತ್ತಿದ. ಈಗ ಅಡ್ಡ ಏನೂ ಇಲ್ಲದ್ದರಿಂದ ಲೆನ್ಸಿಗೆ ನೇರವಾಗಿ ಎರಡನೆಯ ಮಾಳಿಗೆಯ ಶಾಮಲಾ ಕಂಡಳು, ತೊಡೆಯ ಮೇಲೆ ಮಗು. ಕೊರಗ ಗುಂಡಿ ಒತ್ತಿದ. ಅವನ ಕಣ್ಣು ಒದ್ದೆಯಾಗಿತ್ತು.

ಮೇಲ್ಮನವಿಯ ಸಭೆಯಲ್ಲಿ ಸಾಳ್ವಿ ಸಾಹೇಬರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು.

“ಬಚ್ಚಾ ಕಿತನೇ ದಿನ್ ಕಾ ಹೈ?”

ಮಗುವಿಗೆ ತಿಂಗಳಾಯಿತು ಎಂದೆ.

“ಔರ್ ಯೇ ದೂಸರಾ ಮಾಳಾ ಹೈ, ಎರಡನೆಯ ಮಾಳಿಗೆ. ತಿಂಗಳ ಮಗು ಹಾರಿ ಹೋಗುತ್ತದೆಯೇ? ಮೆಟ್ಟಿಲಿಲ್ಲದೆ ಮೇಲೆ ಹೇಗೆ ಹೋಯಿತು?”

ಸಭೆಯಲ್ಲಿದ್ದ ಯಾರಿಗೂ ಇದು ಹೊಳೆದಿರಲಿಲ್ಲ. ಮುರಿಗೆಪ್ಪನವರು ಮೇಜು ಕುಟ್ಟಿದರು. ಮಗು ಅಲ್ಲೇ ಹುಟ್ಟಿತೆಂದು ನಾನು ಬಾಯಿಬಿಟ್ಟೆ. ಜನನದ ಫೋಟೋ ಮಂಡಳಿಯ ಕ್ಯಾಮೆರಾದಲ್ಲಿ ಇದೆಯೇ ಎಂದು ಸಾಳ್ವಿ ಸಾಹೇಬರು ಕೇಳಿದರು. ಇರಲಿಲ್ಲ. ಅಂದೇ ಪ್ರಮಾಣಪತ್ರವನ್ನು ನಾನೇ ಟೈಪ್ ಮಾಡಿದೆ:

“ಮಂಡಳಿಯ ಸ್ವಂತ ಕ್ಯಾಮೆರಾದ ಛಾಯಾಚಿತ್ರದ ಆಧಾರದ ಮೇಲೆ ಈ ಮೂಲಕ ದೃಢೀಕರಿಸುವುದೇನೆಂದರೆ, ರುಕ್ಮಿಣಿಬಾಯಿ ಚಾಳಿನ ಮೆಟ್ಟಿಲು ತಿಂಗಳ ಶಿಶುವೂ ಹತ್ತಬಹುದಾದಷ್ಟು ಸುಸ್ಥಿತಿಯಲ್ಲಿದೆ. ನಿವಾಸಿಗಳು ಅದನ್ನು ಸರದಿಯಂತೆ ವಾರಕ್ಕೊಮ್ಮೆ ಗುಡಿಸಿ ಶುಚಿಯಾಗಿಡತಕ್ಕದ್ದು. ತಪ್ಪಿದಲ್ಲಿ ಅನಧಿಕೃತ ಬಿದಿರಿನ ಏಣಿಯನ್ನು ತೆರವುಗೊಳಿಸಲಾಗುವುದು.”

ಪ್ರಮಾಣಪತ್ರದ ಪ್ರತಿ ಶಾಮಲಾಳ ಅತ್ತೆಯ ಮನೆಗೂ ತಲುಪಿತು. ಅವರು ಗೌರವಸ್ಥರು, ಸರ್ಕಾರದ ಮೊಹರಿಗೆ ಬೆಲೆ ಕೊಡುವವರು. ಇಷ್ಟು ಒಳ್ಳೆಯ ಮೆಟ್ಟಿಲಿದ್ದೂ ಸೊಸೆ ಮೊಮ್ಮಗನನ್ನು ಕರೆದುಕೊಂಡು ಇಳಿದು ಬರದಿರುವುದೇಕೆ ಎಂದು ಕಾಗದ ಬರೆದರು. ಮಗುವಿಗೆ ಐದನೆಯ ತಿಂಗಳು ಬಂತು. ನಾಗವ್ವನವರ ಅಳಿಯ ಭಾನುವಾರಕ್ಕೊಮ್ಮೆ ಬಂದು ಅಂಗಳದಲ್ಲಿ ನಿಂತು ಮಗನನ್ನು ನೋಡಿ ಹೋಗುತ್ತಾನೆ. ಏಣಿ ಹತ್ತಲು ಅವನಿಗೆ ಮನಸ್ಸಿಲ್ಲ, ಮೆಟ್ಟಿಲು ಇರುವಾಗ ಅದು ಮರ್ಯಾದೆಯಲ್ಲವಂತೆ.

ಮೊನ್ನೆ ಶನಿವಾರ ತಪಾಸಣೆಗೆ ಹೋಗಿದ್ದೆ. ಸರದಿ ನಾಗವ್ವನವರದು. ಸೊಂಟಕ್ಕೆ ಕಸಬರಿಗೆ ಸಿಕ್ಕಿಸಿಕೊಂಡು ಏಣಿಯಿಂದ ಇಳಿದುಬಂದರು. ನನ್ನನ್ನು ಕಂಡು ಸೆರಗು ಸರಿಪಡಿಸಿಕೊಂಡರು. ಬೈಯುತ್ತಾರೇನೋ ಎಂದು ಅಳುಕಿದೆ. ಅವರು ಮೆಟ್ಟಿಲು ಇದ್ದ ಜಾಗದಲ್ಲಿ ನಿಂತು ಕಸಬರಿಗೆಯನ್ನು ಮೇಲೆತ್ತಿ, ಗಾಳಿಯಲ್ಲಿ ಎಡದಿಂದ ಬಲಕ್ಕೆ, ಒಂದೊಂದು ಮೆಟ್ಟಿಲಿನಂತೆ ಕೆಳಗಿಳಿಸುತ್ತ ಗುಡಿಸಿದರು. ನಾನು ರಿಜಿಸ್ಟರಿನಲ್ಲಿ ಗುರುತು ಹಾಕುತ್ತಿದ್ದೆ.

ಮೇಲಿನಿಂದ ಶಾಮಲಾ ಬಗ್ಗಿ ನೋಡಿ ಕೂಗಿದಳು. “ಅವ್ವಾ, ಮ್ಯಾಲಿನ ಮೆಟ್ಲ ಒಂದು ಬಿಟ್ಟಿ ನೋಡು.”

“ಹೌದಲ್ಲಾ!” ಎಂದು ನಾಗವ್ವ ತಿರುಗಿ ನಿಂತು ಅದನ್ನೂ ಗುಡಿಸಿದರು.