ನಮ್ಮವರ ವಿಮಾನ ನೆಲ ಬಿಡಲಿಲ್ಲ

ಹುಡುಗನಿಗೆ ಯಾವ ಚಟವೂ ಇಲ್ಲ ಎಂದು ಹೇಳಿ ನನ್ನ ಲಗ್ನ ಮಾಡಿದರು. ಶುದ್ಧ ಸುಳ್ಳು! ಕುಡಿಯುವ ಗಂಡಂದಿರು, ಇಸ್ಪೀಟು ಆಡುವ ಗಂಡಂದಿರು ಹೊತ್ತು ಮುಳುಗಿದ ಮೇಲಾದರೂ ಮನೆ ಸೇರುತ್ತಾರೆ. ನನ್ನ ಗಂಡ ಹಿತ್ತಲಲ್ಲೇ ಇರುತ್ತಾರೆ, ಮನೆಯೊಳಗೆ ಮಾತ್ರ ಬರುವುದಿಲ್ಲ. ವಿಮಾನ ಕಟ್ಟುತ್ತಿದ್ದಾರೆ. ಬೈಲಹೊಂಗಲದಲ್ಲಿ, ನಾನು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ!

ಅವರ ಕಸುಬು ಟ್ರ್ಯಾಕ್ಟರಿನ ಟ್ರೇಲರ್ ಕಟ್ಟುವುದು. ಸವದತ್ತಿಯಿಂದ ರಾಮದುರ್ಗದವರೆಗೆ ಅವರ ಟ್ರೇಲರುಗಳು ಕಬ್ಬು ಹೇರಿಕೊಂಡು ಓಡಾಡುತ್ತವೆ, ಒಂದೂ ಮುರಿದಿಲ್ಲ. ಅದೇ ಕೈ ವಿಮಾನಕ್ಕೂ ಬಿತ್ತು. ಮೊಬೈಲಿನಲ್ಲಿ ವಿಡಿಯೋ ನೋಡುವುದು, "ಇದು ತಡಿಯಂಗಿಲ್ಲ" ಎನ್ನುವುದು, ಇನ್ನೊಂದು ಕಬ್ಬಿಣದ ಪಟ್ಟಿ ಬೆಸೆಯುವುದು. "ಇದರಾಗೂ ಕಬ್ಬು ಹೇರವರೇನ್ರಿ?" ಎಂದು ಕೇಳಿದರೆ, ನನಗೆ ತಿಳಿಯುವುದಿಲ್ಲವಂತೆ!

ತಿಳಿಯುವುದಿಲ್ಲ, ಒಪ್ಪಿದೆ. ಆದರೆ ರೆಕ್ಕೆ ಜೋಡಿಸುವ ದಿನ ನೋಡಿದರೆ ಎರಡೂ ಎಡಗಡೆಯವೇ! ಒಂದನ್ನು ಮಾಡಿ, ಅದನ್ನೇ ಅಳತೆಗೆ ಇಟ್ಟುಕೊಂಡು ಇನ್ನೊಂದನ್ನು ಮಾಡಿದ್ದರು. ದಿನಗಟ್ಟಲೆ ಅದರ ಸುತ್ತ ತಿರುಗಿದರು.

"ಬುಡಮೇಲು ಮಾಡಿ ಹಚ್ಚಿದರ ನಡಿತೈತೇನೋ..."

"ಎಡಗಾಲಿನ ಚಪ್ಪಲಿ ಬಲಗಾಲಿಗೆ ಬುಡಮೇಲು ಹಾಕ್ಕೊಂಡು ಪ್ಯಾಟಿಗೆ ಹೋಗಿ ಬರ್ರಿ, ನೋಡೂಣು!" ಎಂದೆ.

ಹೊಸ ರೆಕ್ಕೆಯಾಯಿತು. ಹಳೆ ಕಾರಿನ ಎಂಜಿನ್, ಅದರ ಮುಂದೆ ದೊಡ್ಡ ಪಂಖ ಕೂಡಿಸಿ ಹಿತ್ತಲಲ್ಲೇ ಚಾಲೂ ಮಾಡಿದರು. ವಿಮಾನ ಅಲುಗಲಿಲ್ಲ. ಹೊರಸಿನ ಮೇಲೆ ಒಣಹಾಕಿದ್ದ ನನ್ನ ಶಾವಿಗೆ ಹಾರಿ ಓಣಿಯ ತುಂಬ ಬಿತ್ತು! "ಗಾಳಿ ಚಲೋ ಬರಾಕ ಹತ್ತೈತಿ" ಎಂದು ಹಿಗ್ಗಿದರು. ಆ ವರ್ಷ ಹಬ್ಬಕ್ಕೆ ನಾನು ಪಾಯಸ ಮಾಡಲಿಲ್ಲ. ಬೇಕೆಂದೇ ಮಾಡಲಿಲ್ಲ!

ಸುಗ್ಗಿ ಮುಗಿದ ಮೇಲೆ ವಿಮಾನವನ್ನು ಟ್ರೇಲರಿನಲ್ಲಿ ಹೇರಿಕೊಂಡು ಉಗರಗೋಳದ ಕಡೆಯ ಖಾಲಿ ಹೊಲಕ್ಕೆ ಹೋದೆವು. ಜೊತೆಗೆ ಅವರ ಗೆಳೆಯ, ಲಾರಿ ಓಡಿಸುವ ಇಮಾಮಸಾಬ.

"ನೆಲ ಬಿಟ್ಟು ಒಂದು ಮೊಳ ಎದ್ದರ ಸಾಕು, ಮತ್ತೇನೂ ಕೇಳಂಗಿಲ್ಲ" ಎಂದು ನಮ್ಮವರು ಕೈಮುಗಿದು ಹತ್ತಿದರು. ವಿಮಾನ ಓಡಿತು, ಓಡಿತು, ಹೊಲದ ಬದುವಿಗೆ ಬಡಿದು ನಿಂತಿತು. ಮೊಳ ಹೋಗಲಿ, ಒಂದು ಬೆರಳೂ ಏಳಲಿಲ್ಲ! ಅವರ ಹಣೆಯಲ್ಲಿ ರಕ್ತ ಕಂಡು ನನ್ನ ಜೀವವೇ ಹಾರಿಹೋಯಿತು. ಬಾಯಿಗೆ ಬಂದಂತೆ ಬೈದೆ.

ಇಮಾಮಸಾಬ ವಿಮಾನದ ಸುತ್ತ ತಿರುಗಿ ನೋಡಿ, "ಹಿಂದ ಇನ್ನೊಂದು ಸೀಟು ಯಾಕ ಬೇಕಾಗಿತ್ತು ದೋಸ್ತ? ಎಷ್ಟು ವಜ್ಜ ಐತಿ, ಆ ಭಾರಕ್ಕ ಎದ್ದಿಲ್ಲ! ಅದನ್ನ ಕೊಯ್ದು ಒಗಿ, ಏಳತೈತಿ" ಎಂದ. ಆ ಸೀಟು ಅವನಿಗೇ ಇರಬೇಕೆಂದು ನಾನು ಇಷ್ಟು ದಿನ ತಿಳಿದಿದ್ದೆ. ನಮ್ಮವರು ವಿಮಾನವನ್ನು ಮತ್ತೆ ಟ್ರೇಲರಿಗೆ ಹೇರಿ ಹಿತ್ತಲಿಗೆ ತಂದರು.

ಮರುದಿನ ಮುಂಜಾನೆ ಚಹಾ ಒಯ್ದೆ. ಹಣೆಗೆ ಪಟ್ಟಿ, ಕೈಯಲ್ಲಿ ಕಬ್ಬಿಣ ಕೊಯ್ಯುವ ಮಶೀನು, ಹಿಂದಿನ ಸೀಟಿನ ಮುಂದೆ ಸುಮ್ಮನೆ ಕುಳಿತಿದ್ದರು.

"ಕೊಯ್ರಿ ಮತ್ತ! ಮುಹೂರ್ತ ನೋಡಾಕ ಹತ್ತೀರೇನು?"

"ಇದು ನಿಂದು" ಎಂದರು, ತಲೆ ಎತ್ತದೆ. "ನಿನ್ನ ಮೊಣಕಾಲು ನೋಯತೈತಲ್ಲ, ಹತ್ತಾಕ ಪಾವಟಿಗಿ ಸೈತ ಬೆಸದೇನಿ. ಅದಕ್ಕ ವಜ್ಜ ಆತು."

ಇಷ್ಟು ವರ್ಷ ಬೈದಿದ್ದೇನೆ, ಒಂದು ಮಾತು ಹೇಳಬಾರದೇ ಈ ಮನುಷ್ಯ? ಮೈಯೆಲ್ಲ ಉರಿದುಹೋಯಿತು. ಕಣ್ಣು ಮಾತ್ರ ತುಂಬಿ ಬಂತು.

"ಪಾವಟಿಗಿ ಕೊಯ್ರಿ!" ಎಂದು ಒದರಿದೆ. "ನನ್ನ ಸೀಟಿಗೆ ಕೈ ಹಚ್ಚಿದರ ನೋಡ್ರಿ ಮತ್ತ! ಹತ್ತುವಾಗ ನೀವ ನನ್ನ ಕೈ ಹಿಡೀರಿ."