ನಂಬಿಕೆ ಇಲ್ಲದವರ ಇಂಗ್ಲಿಷ್ ಸಾಲಿ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ. ಇಂಡಿ ಊರಿನ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಅರ್ಧಕ್ಕೇ ನಿಂತಿತು, ಕಾಲು ಮಾತ್ರ ಇನ್ನೂ ನಿಂತಿಲ್ಲ. ಸಿಂದಗಿಯಲ್ಲಿ ರಸ್ತೆ ಕೆಲಸ, ಮುದ್ದೇಬಿಹಾಳದ ಕಡೆ ಕಲ್ಲಿನ ಖಣಿ, ಬಸವನ ಬಾಗೇವಾಡಿಯಲ್ಲಿ ಅರಳೆ ಅಂಗಡಿ, ಹೀಗೆ ಸುತ್ತಿದೆ. ಹೆಗಲ ಮೇಲೆ ಗಂಟು ಹೊತ್ತ ಒಬ್ಬಂಟಿ ಗಂಡಸು ಊರೊಳಗೆ ಬಂದರೆ ಜನ ಮೊದಲು ಅಂಗಳದ ತಂಬಿಗೆ ಎತ್ತಿ ಒಳಗಿಡುತ್ತಾರೆ. ಅವರಿಗೆ ನನ್ನ ಮೇಲೆ ಸಂಶಯ, ನನಗೆ ಅವರ ಮೇಲೆ ಸಂಶಯ, ನಡುವೆ ಏನಾದರೊಂದು ನಗೆಪಾಟಲು. ಹೋದಲ್ಲೆಲ್ಲ ಇದು ಇದ್ದದ್ದೇ. ಆದರೆ ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟೆಯ ಕೆಲಸ ಶುರುವಾದಾಗ ದೊಡ್ಡವರಿಗೆಂದು ತೆರೆದ ಇಂಗ್ಲಿಷ್ ಸಾಲಿಯಲ್ಲಿ ಆದಷ್ಟು ಮತ್ತೆಲ್ಲೂ ಆಗಲಿಲ್ಲ.

ಆ ಸಾಲಿಗೆ ನಾನು ಹೋದದ್ದು ಒಂದು ಕಾಗದದ ಸಲುವಾಗಿ. ಸಿಂದಗಿಯ ರಸ್ತೆ ಕೆಲಸದಲ್ಲಿ ಸಾಮಾನಿನ ಕೋಣೆಯ ಕೀಲಿಕೈ ನನ್ನ ಹತ್ತಿರ ಇರುತ್ತಿತ್ತು. ಒಂದು ದಿನ ಅಲ್ಲಿಂದ ಎದ್ದು ಹೊರಟುಬಿಟ್ಟೆ, ಕೀಲಿಕೈ ಅಂಗಿಯ ಕಿಸೆಯಲ್ಲೇ ಉಳಿಯಿತು. ಎರಡು ತಿಂಗಳ ಮೇಲೆ ಅದನ್ನು ಕೊಡಲು ವಾಪಸು ಹೋದೆ. ಅಲ್ಲಿಯ ಇಂಜಿನಿಯರು ಬೈಯಲಿಲ್ಲ, ನಕ್ಕರು. ಅದೇ ಸಮಯವೆಂದು "ಒಂದು ಚೀಟಿ ಬರದ ಕೊಡ್ರಿ, ಮುಂದ ಎಲ್ಯಾರ ಕೆಲಸಕ್ಕ ಬೇಕಾಗ್ತದ" ಎಂದೆ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ಅಂದಿನಿಂದ ಅದನ್ನು ತೋರಿಸಿದಲ್ಲೆಲ್ಲ ಒಂದೇ ಕಥೆ. ಓದುವವರು ಓದುತ್ತಾರೆ, ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ, ನಗುತ್ತಾರೆ, ಕೆಲಸ ಕೊಡುತ್ತಾರೆ, ಆಮೇಲೆ ಯಾರನ್ನೋ ಕರೆದು ಕಿವಿಯಲ್ಲಿ ಏನೋ ಹೇಳುತ್ತಾರೆ.

ಆಲಮಟ್ಟಿಯಲ್ಲಿ ಸ್ಟೋರಿನ ಕಾಯಂ ಕೆಲಸ ಖಾಲಿ ಇತ್ತು. ಅದಕ್ಕೆ ಎರಡು ಬೇಕು: ಇಂಗ್ಲಿಷ್ ಓದಲು ಬರಬೇಕು, ಹಳೆಯ ಸಾಹೇಬರ ಚೀಟಿ ಕೊಡಬೇಕು. ನನ್ನ ಚೀಟಿಯಲ್ಲಿ 'ಇವನು ಕಳ್ಳ' ಎಂದಿದ್ದರೆ? ಇನ್ನೊಬ್ಬರ ಕೈಲಿ ಓದಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ನಾನೇ ಓದಬೇಕು, ಬೇರೆ ದಾರಿ ಇಲ್ಲ.

ಸಹಿ

ಸಾಲಿ ಎಂದರೆ ಒಂದು ತಗಡಿನ ಶೆಡ್ಡು. ಮುಂಜಾನೆ ಕೆಲಸದ ಭೋಂಗಾ ಕೂಗುವ ಮೊದಲು ಒಂದು ತಾಸು. ಧಾರವಾಡದ ಕಡೆಯ ಸಣಕಲು ಮಾಸ್ತರು. ನಾವು ಹದಿನೈದು ಮಂದಿ. ಮನಗೂಳಿ ಕಡೆಯ ಒಕ್ಕಲುತನದ ಒಬ್ಬ ಅಜ್ಜ, ಅವನ ಹೊಲ ಹೊಳೆಯ ದಂಡೆಗೆ, ಮುದ್ದೇಬಿಹಾಳದ ಕಲ್ಲು ಕೆಲಸದ ಮುಸಲ್ಮಾನ ಮೇಸ್ತ್ರಿ, ಅವನಿಗೆ ಎಲ್ಲರೂ ಉಸ್ತಾದ್ ಎನ್ನುವರು, ಕ್ಯಾಂಪಿನಲ್ಲಿ ಖಾನಾವಳಿ ನಡೆಸುವ ಅಕ್ಕ, ಉಳಿದವರು ಕೂಲಿಯವರು.

ಮೊದಲ ದಿನ ಮಾಸ್ತರು ಹಾಜರಿ ಪುಸ್ತಕ ಇಟ್ಟು, "ಮೊದಲ ಪಾಠ, ತಮ್ಮ ತಮ್ಮ ಹೆಸರು ಬರಿಯೂದು. ದಿನಾ ಇದರಾಗ ಸಹಿ ಮಾಡಬೇಕು" ಎಂದರು.

ಅಜ್ಜ ಪಾಟಿಯನ್ನು ಬೋರಲು ಹಾಕಿದ. "ಅದೊಂದು ಆಗಂಗಿಲ್ರಿ. ಕಟ್ಟಿ ಆತಂದ್ರ ಹೊಲ ನೀರಾಗ ಹೊಕ್ಕಾವು. ಇಂಗ್ಲೀಷ ಪುಸ್ತಕದಾಗ ಸಹಿ ತಗೊಂಡು ನಾಳೆ 'ಅಜ್ಜ ಒಪ್ಪ್ಯಾನ' ಅಂತೀರಿ."

"ಇದು ಹಾಜರಿ ಪುಸ್ತಕ ಅಜ್ಜಾ!"

"ಹಂಗ ನೀವು ಅಂತೀರಿ. ಏನ ಪುಸ್ತಕ ಅಂತ ಓದಾಕ ಬಂದಿದ್ರ ನಾ ಯಾಕ ಸಾಲಿಗೆ ಬರ್ತಿದ್ನಿ?"

ಮಾತು ಎಲ್ಲರಿಗೂ ಸರಿಯೆನಿಸಿತು. ಒಬ್ಬರೂ ತಮ್ಮ ಹೆಸರು ಬರೆಯಲೊಲ್ಲರು. ಬಾಜೂದವನ ಹೆಸರು ಬರೆಯಿರಿ ಎಂದರೆ ಬಾಜೂದವನು ಕೈ ಹಿಡಿದುಕೊಂಡ. ಕೊನೆಗೆ ಮಾಸ್ತರು ಬೇಸತ್ತು, "ನನ್ನ ಹೆಸರ ಬರೀರಿ, ನನಗೆ ಹೊಲ ಇಲ್ಲ" ಎಂದರು. ಅದಕ್ಕೆ ಯಾರದೂ ತಕರಾರಿಲ್ಲ. ತಿಂಗಳೊಪ್ಪತ್ತಿನಲ್ಲಿ ಹದಿನೈದು ಮಂದಿಯೂ ಮಾಸ್ತರ ಸಹಿಯನ್ನು ಕೆಳಗಿನ ಗೆರೆ ಸಹಿತ ಮಾಡಲು ಕಲಿತೆವು.

ಸಾಲಿ ನೋಡಲು ಕಟ್ಟೆಯ ಸಾಹೇಬರು ಬಂದರು. ಹಾಜರಿ ಪುಸ್ತಕ ತಿರುವಿದರು. "ಏನ್ರಿ ಮಾಸ್ತರ, ದಿನಾ ಹದಿನೈದು ಸಲ ನೀವ ಹಾಜರಾಗೀರಿ. ಕಲಿಯೂ ಮಂದಿ ಒಬ್ಬರೂ ಬಂದಿಲ್ಲಲ್ಲ?"

ಮರುದಿನವೇ ಮಾಸ್ತರು ಹೆದರಿ ತಮ್ಮ ಸಹಿ ಬದಲಿಸಿದರು. ಎರಡು ದಿನದಲ್ಲಿ ಅದನ್ನೂ ಕಲಿತೆವು.

ಹಿಂದಿನ ಸಾಲಿನವನು

ನಾನು ಎಲ್ಲರಿಗಿಂತ ಬೇಗ ಅಕ್ಷರ ಹಿಡಿದೆ. ಅದೇ ತಪ್ಪಾಯಿತು. ಇಂಡಿ ಊರಿನವನು ಅಂತಾನೆ, ಸಿಂದಗಿಯ ಮಾತು ಆಡುತ್ತಾನೆ, ಮುದ್ದೇಬಿಹಾಳದ ಓಣಿ ಓಣಿ ಗೊತ್ತು, ಬಾಗೇವಾಡಿಯಲ್ಲೂ ಇದ್ದನಂತೆ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಹಿಂದಿನ ಸಾಲಿನಲ್ಲಿ ಕೂತು ಏನೋ ಬರೆದುಕೊಳ್ಳುತ್ತಾನೆ. ಇವನಿಗೆ ಇಂಗ್ಲಿಷ್ ಮೊದಲೇ ಬರುತ್ತದೆ, ಬರದವರ ಹಾಗೆ ಕೂತಿದ್ದಾನೆ, ಸಿಐಡಿ ಇರಬೇಕು ಎಂದು ಗುಸುಗುಸು ಎದ್ದಿತು. ಖಾನಾವಳಿಯಲ್ಲಿ ಅಕ್ಕ ನಾನು ಕೇಳದೆಯೇ ಎರಡನೆಯ ಸಲ ತುಪ್ಪ ಹಾಕಿದಾಗ ನನಗೆ ಅನುಮಾನ ಬಂತು.

"ಅಕ್ಕಾರ, ನಾನು ಅಂಥಾವ ಅಲ್ರಿ."

"ಎಂಥಾವಂತ ನಾ ಎಲ್ಲಿ ಅಂದೆ? ಉಣ್ರಿ. ನಮ್ಮ ಖಾನಾವಳಿ ಬಗ್ಗೆ ನಾಕು ಚಲೋ ಮಾತು ಬರದ ಕಳಸ್ರಿ."

ಮರುದಿನದಿಂದ ಬೇಕೆಂದೇ ತಪ್ಪು ಬರೆಯತೊಡಗಿದೆ. ಮಾಸ್ತರು ಎಲ್ಲರ ಮುಂದೆ ಕಿವಿ ಹಿಂಡುವುದೊಂದು ಬಾಕಿ. ಇನ್ನಾದರೂ ಸಂಶಯ ಹೋದೀತು ಎಂದುಕೊಂಡೆ. ಹೊರಗೆ ಬೀಡಿ ಸೇದುತ್ತ ಉಸ್ತಾದ್ ಅಜ್ಜನಿಗೆ ಹೇಳುತ್ತಿದ್ದ: "ನೋಡಿದ್ರಿ? ಸಂಶಯ ಬರಬಾರದಂತ ತಪ್ಪು ಬರೀತಾನ. ಇದು ಪಕ್ಕಾ ಸಿಐಡಿ."

ದಿನಕ್ಕೊಂದು ಶಬ್ದ

ಬರಬರುತ್ತ ನನಗೊಂದು ತಿಳಿಯಿತು. ಕಾಗದ ಇದ್ದದ್ದು ನನ್ನ ಹತ್ತಿರ ಮಾತ್ರವಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಅವನ ಅಪ್ಪನ ಕಾಲದ ಒಂದು ಇಂಗ್ಲಿಷ್ ಕಾಗದ ಇತ್ತು, ಹೊಲದ ಮೇಲಿನ ನೋಟೀಸು ಎಂದು ಅಪ್ಪ ಮಗ ಇಬ್ಬರೂ ಅದಕ್ಕೆ ಅಂಜುತ್ತ ಬಂದಿದ್ದರು. ಉಸ್ತಾದನ ಎದೆಯ ಕಿಸೆಯಲ್ಲಿ ಖಣಿಯ ಮಾಲಕ ಕೊಟ್ಟ ಒಂದು ಚೀಟಿ. ಅಕ್ಕನ ಖಾನಾವಳಿಯಲ್ಲಿ ಯಾವನೋ ಪರವೂರಿನ ಸಾಹೇಬ ಉಂಡು ಬರೆದುಕೊಟ್ಟದ್ದೊಂದು. ಕೂಲಿಯವರ ಗಂಟಿನಲ್ಲೂ ಒಂದೊಂದು. ಇನ್ನೊಬ್ಬರಿಂದ ಓದಿಸಲು ಒಬ್ಬರಿಗೂ ಧೈರ್ಯವಿಲ್ಲ. ಅದಕ್ಕೇ ಎಲ್ಲರೂ ಕಲಿಯಲು ಬಂದವರು.

ಮಾಸ್ತರ ಮೇಲೆ ನಂಬಿಕೆ ಇದೆಯೇ? ಅದೂ ಇಲ್ಲ. ಆದ್ದರಿಂದ ಕಾಗದದಿಂದ ದಿನಕ್ಕೊಂದೇ ಶಬ್ದ ಪಾಟಿಯ ಮೇಲೆ ಬರೆದುಕೊಂಡು ಬಂದು ಅರ್ಥ ಕೇಳುವುದು. ಅದೂ ಸಾಲಾಗಿ ಅಲ್ಲ. ಇವತ್ತು ಕೆಳಗಿನದು, ನಾಳೆ ನಡುವಿನದು, ನಾಡಿದ್ದು ಮೇಲಿನದು. ನಾನೂ ಹಾಗೆಯೇ ಕೇಳಿದೆ. ಒಂದು ಶಬ್ದದಿಂದ ಯಾರಿಗೆ ಏನು ಗೊತ್ತಾಗಬೇಕು?

ಆದರೆ ಮಾಸ್ತರೂ ಸಂಶಯದ ಮನುಷ್ಯರೇ. ನಾವು ಕೇಳಿದ ಶಬ್ದಗಳನ್ನೆಲ್ಲ ಒಂದು ನೋಟಬುಕ್ಕಿನಲ್ಲಿ ಗುಟ್ಟಾಗಿ ಬರೆದಿಟ್ಟುಕೊಂಡು, ಯಾರದು ಯಾವುದು ಎಂದು ನೋಡದೆ ಒಂದಕ್ಕೊಂದು ಜೋಡಿಸಿ, ಹೆದರಿ ಕಟ್ಟೆಯ ಸಾಹೇಬರಿಗೆ ಸುದ್ದಿ ಕೊಟ್ಟರು. ಒಂದು ಮುಂಜಾನೆ ಕಟ್ಟೆಯ ಸಾಹೇಬರು ಪೊಲೀಸನೊಬ್ಬನನ್ನು ಕರೆದುಕೊಂಡು ಶೆಡ್ಡಿಗೆ ಬಂದರು. ಮಾಸ್ತರು ನೋಟಬುಕ್ಕು ತೆರೆದು ಓದಿದರು: "ಮುಂಬಯಿಯಿಂದ ಬಂದ ನಂಬಿಗಸ್ತ, ಎಂಜಿನ್ನಿಗೆ ಸಿಡಿಮದ್ದು ಇಟ್ಟು, ಉರಿ ಹಚ್ಚಿ, ಬೆಳಗಾಗುವುದರೊಳಗೆ ಮಾಯ. ಊಟ ಚಲೋ."

ಪೊಲೀಸ ಬಾಗಿಲಿಗೆ ಅಡ್ಡ ನಿಂತ. ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ಉಸ್ತಾದ್ ಎದ್ದು ನಿಂತು ಕೈ ಮುಗಿದ.

"ಸಾಹೇಬ್ರ, ಅವು ನಮ್ಮ ನಮ್ಮ ಹಳೇ ಕಾಗದದಾಗಿನ ಶಬ್ದರಿ. ಎರಡು ತಿಂಗಳಾತು, ಇನ್ನೂ 'ಇದು ಬೆಕ್ಕು, ಅದು ನಾಯಿ' ಅನ್ನಾಕತ್ತೇವಿ. ಇಷ್ಟ ಉದ್ದ ಒಳಸಂಚು ಮಾಡೂವಷ್ಟು ಇಂಗ್ಲೀಷ ನಮಗ ಎಲ್ಲಿಂದ ಬರಬೇಕ್ರಿ?"

ಸಾಹೇಬರು ನಗು ತಡೆಯಲು ಮೀಸೆ ಕಚ್ಚಿಕೊಂಡರು. ಆಮೇಲೆ ಮಾಸ್ತರ ಬೆನ್ನು ತಟ್ಟಿದರು. "ಎರಡು ತಿಂಗಳದಾಗ ಇಷ್ಟು ಶಬ್ದ ಕಲಿಸೀರಿ? ಶಾಬಾಶ್! ಸೋಮವಾರ ಪರೀಕ್ಷಾ ತಗೋತೇನಿ. ತಮ್ಮ ತಮ್ಮ ಕಾಗದ ತಾವ ತಂದು ಓದಲಿ." ಪೊಲೀಸನಿಗೆ ಮಾತ್ರ ಸಮಾಧಾನವಾಗಲಿಲ್ಲ. ಹೋಗುವಾಗ ಅಕ್ಕನ ಹತ್ತಿರ ಸರಿದು, "ಆ ಊಟದ ಮಾತು ಯಾರದು?" ಎಂದು ವಿಚಾರಿಸಿ, ಖಾನಾವಳಿಯ ದಾರಿ ಕೇಳಿಕೊಂಡ.

ಪರೀಕ್ಷೆ

ಸೋಮವಾರ ಸಾಹೇಬರು ಬಂದರು. ಶೆಡ್ಡಿನಲ್ಲಿ ಮಾಸ್ತರೊಬ್ಬರೇ. ಎಲ್ಲರ ಮುಂದೆ ಗಟ್ಟಿಯಾಗಿ ಓದುವ ಮೊದಲು ತಾನೊಬ್ಬನೇ ಒಂದು ಸಲ ಓದಿ ನೋಡಬೇಕು ಎಂದು ಪ್ರತಿಯೊಬ್ಬರಿಗೂ ಅನಿಸಿತ್ತು. ಕೃಷ್ಣೆಯ ದಂಡೆಯ ಮೇಲೆ ಹದಿನೈದು ಮಂದಿ ಹದಿನೈದು ಬಂಡೆಗಲ್ಲಿನ ಮೇಲೆ, ಒಬ್ಬರಿಗೊಬ್ಬರು ಬೆನ್ನು ಮಾಡಿ, ಕಾಗದ ಮುಚ್ಚಿಕೊಂಡು ಕೂತಿದ್ದೆವು. ಮಾಸ್ತರು ಓಡಿ ಬಂದರು. ಅವರು ಹತ್ತಿರ ಬಂದ ಹಾಗೆ ಒಬ್ಬೊಬ್ಬರೂ ಕಾಗದವನ್ನು ತೊಡೆಯ ಕೆಳಗೆ ಹಾಕಿಕೊಂಡರು. ಹಿಂದಿನಿಂದ ಬಂದ ಸಾಹೇಬರು, "ಪರೀಕ್ಷಾ ಎಲ್ಲಿ ನಡದದ?" ಎಂದರೆ, "ಇದ ನೋಡ್ರಿ" ಎಂದು ಮಾಸ್ತರು ಬಂಡೆಗಳ ಕಡೆ ಕೈ ತೋರಿಸಿದರು.

ಮೊದಲು ಚೀರಿದವನು ಅಜ್ಜ. "ಎಂಜಿನ್! ನೀರೆತ್ತೂ ಎಂಜಿನ್! ಮುಂಬಯಿದಾಗ ಸಿಗ್ತದಂತ!" ಅದು ನೋಟೀಸಲ್ಲ, ಜಾಹೀರಾತು. ಅಜ್ಜನಿಗೆ ನಗುವೂ ಬಂತು, ಸಿಟ್ಟೂ ಬಂತು. "ನಮ್ಮಪ್ಪ ಇದಕ್ಕ ಅಂಜಿ ಅಂಜಿ ಸತ್ತನಲ್ಲೋ!"

ಉಸ್ತಾದ್ ತನ್ನದನ್ನು ಎರಡು ಸಲ ಓದಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಸಿಡಿಮದ್ದು ಹಾರಸ್ತೇವಿ, ದೂರ ಓಡ್ರಿ ಅಂತ ಬರದಾರ. ಯಾ ಅಲ್ಲಾ, ಮದ್ದು ಹಾರಿ ಹನ್ನೆರಡು ವರ್ಷ ಆದ ಮ್ಯಾಲ ತಿಳೀತು, ಓಡಬೇಕಿತ್ತಂತ!"

ಅಕ್ಕ ನಾಚಿಕೊಂಡು ಓದಿದಳು: "ಊಟ ಚಲೋ. ಬಾಯಿ ಉರಿದು ಸತ್ತೆ. ನಾಳೆ ಮತ್ತೆ ಬರುತ್ತೇನೆ."

ಆಮೇಲೆ ಸಾಹೇಬರು ನನ್ನ ಬಂಡೆಯ ಹತ್ತಿರ ಬಂದರು. ನಾನು ಮೂರು ಸಲ ಓದಿ ಮುಗಿಸಿದ್ದೆ. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಹೊಳೆಯ ಗಾಳಿಯ ಮೇಲೆ ಹಾಕಿದೆ. ಎದ್ದು ನಿಂತು, ಬೆರಳಿಟ್ಟುಕೊಂಡು, ಒಂದು ಅಕ್ಷರ ಬಿಡದೆ ಓದಿದೆ. ಅರ್ಥವನ್ನೂ ಹೇಳಿದೆ: "ಈ ಮನುಷ್ಯ ಗಟ್ಟಿ ಕೆಲಸಗಾರ. ಇವನನ್ನು ನಂಬಬಹುದು. ಆದರೆ ಒಂದು ದಿನ ಬೆಳಗಾಗುವುದರೊಳಗೆ ಮಾಯವಾಗುತ್ತಾನೆ. ಕೀಲಿಕೈ ಕೊಡುವ ಮೊದಲು ಇನ್ನೊಂದು ಮಾಡಿಸಿಟ್ಟುಕೊಳ್ಳಿ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಾಸ್! ಸ್ಟೋರ್ ನಿಂದು, ಕಾಯಂ" ಎಂದರು. ಆಮೇಲೆ ಗುಮಾಸ್ತನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಈ ಸಲ ಏನು ಹೇಳಿದರೆಂದು ನನಗೆ ಗೊತ್ತಿತ್ತು.

ಹೊಸ ಚೀಟಿ

ಕಾಯಂ ಎನ್ನುವ ಶಬ್ದವನ್ನು ಮೂರು ತಿಂಗಳು ತಡೆದುಕೊಂಡೆ. ನಾಲ್ಕನೆಯ ತಿಂಗಳು ಅಂಗಾಲು ನವೆಯತೊಡಗಿತು. ಆದರೆ ಈ ಸಲ ಹಗಲು ಹೊತ್ತಿನಲ್ಲಿ, ಕಚೇರಿಗೆ ನೆಟ್ಟಗೆ ಹೋಗಿ, ಕೀಲಿಕೈ ಮೇಜಿನ ಮೇಲಿಟ್ಟು, "ಹೊಂಟೇನ್ರಿ" ಎಂದೆ.

"ಓದು ಬಂತು, ಕಾಯಂ ಆತು. ಇನ್ನೆಲ್ಲಿ ಹೊಂಟೀಯೋ?"

"ಗೊತ್ತಿಲ್ರಿ. ಒಂದು ಚೀಟಿ ಬರದ ಕೊಡ್ರಿ."

ಸಾಹೇಬರು ದೊಡ್ಡ ಹಾಳೆ ತೆಗೆದುಕೊಂಡರು. ನಾನು ಮೇಜಿನ ಆಚೆಯಿಂದ ಕತ್ತು ಚಾಚಿ ಅಕ್ಷರ ಅಕ್ಷರ ನೋಡುತ್ತ ನಿಂತೆ. ಎರಡು ಸಾಲು ಬರೆದರು, ತಲೆಯೆತ್ತಿ ನನ್ನನ್ನು ನೋಡಿದರು, ಸಹಿ ಹಾಕಿ ಕೊಟ್ಟುಬಿಟ್ಟರು.

ಶೆಡ್ಡಿನ ಹಿಂದೆ ಕೂತು ಗಂಟು ಕಟ್ಟುತ್ತಿದ್ದೆ. ಕಂಬಳಿ ಮಡಚಿ, ಧೋತರ ಮಡಚಿ, ಪಾಟಿಯನ್ನು ನಡುವೆ ಇಡುವಾಗ ಅಜ್ಜ ಬಂದ.

"ಏನ ಬರದಾರ ಸಾಹೇಬ್ರು?"

"ಚಲೋ ಬರದಾರ ಅಜ್ಜಾ."

"ನೀ ಹೇಳೂದು ಬ್ಯಾಡ. ಇಲ್ಲಿ ಕೊಡು, ನಾನ ಓದ್ತೇನಿ."

ಉಗುರಿನಿಂದ ಒಂದೊಂದು ಶಬ್ದ ಹಿಡಿದು ಓದಿದ: "ಇವನಿಗೆ ಇಂಗ್ಲಿಷ್ ಓದಲು ಬರುತ್ತದೆ. ಎದುರಿಗೇ ನಿಂತು ಓದುತ್ತಿದ್ದಾನೆ, ಆದ್ದರಿಂದ ಹೆಚ್ಚು ಬರೆಯಲಾರೆ."

ನಾನು ನಕ್ಕೆ. ಅಜ್ಜ ನಗಲಿಲ್ಲ. ಹಾಳೆಯನ್ನು ಹಿಂದೆ ಮುಂದೆ ತಿರುವಿದ, ಬಿಸಿಲಿಗೆ ಹಿಡಿದ, ಸಹಿಯ ಮೇಲಿನ ಅಷ್ಟು ದೊಡ್ಡ ಖಾಲಿ ಜಾಗದ ಮೇಲೆ ಕೈಯಾಡಿಸಿದ. ನಾನು ಗಂಟಿನ ಕೊನೆಯ ಬಿಗಿ ಎಳೆಯುವಷ್ಟರಲ್ಲಿ ಹತ್ತಿರ ಸರಿದು, ದನಿ ಇಳಿಸಿ ಹೇಳಿದ:

"ತಮ್ಮಾ, ಬರದದ್ದನ್ನೆಲ್ಲಾ ಓದಿದ್ನಿ, ಅದರಾಗೇನೂ ಇಲ್ಲ. ಆದರ ಇಲ್ಲಿ ನೋಡು, ಬರೀದ ಇಷ್ಟ ಬಿಟ್ಟಾರಲ್ಲ, ಇದರಾಗ ಏನೋ ಐತಿ!"